ಕಾಫಿಯ ಯಂತ್ರವೂ ಹಾಲಿನ ನೊರೆಯೂ

ಕಳೆದ ದೀಪಾವಳಿಗೆ ಹದಿನೈದು ದಿನ ಮುಂಚೆ ಕಾರವಾರದಲ್ಲಿರುವ ನಮ್ಮ ತಂಗಿಯ ಮಗಳು ಫೋನು ಮಾಡಿ, “ಮಾವಾ, ಮನೆಗೊಂದು ಎಸ್ಪ್ರೆಸ್ಸೊ ಯಂತ್ರ ತರಬೇಕೆಂದಿದ್ದೇವೆ. ಹಾಲಿಗೆ ನೊರೆ ಬರಿಸುವಂಥದೇ ಆಗಬೇಕು. ಯಾವದನ್ನು ತರುವದು ಹೇಳಿ” ಎಂದಳು. ಮೂವತ್ತು ವರ್ಷ ಶಬ್ದರೂಪ ಧಾತುರೂಪಗಳನ್ನು ಬಾಯಿಪಾಠ ಮಾಡಿಸಿ ನಿವೃತ್ತರಾದ ನಮ್ಮನ್ನು ಈ ಪ್ರಶ್ನೆ ಕೇಳುವದೇಕೆಂದು ವಾಚಕರು ನಗಬಹುದು. ಕಾರಣ ಉಂಟು. ಮೂರು ವರ್ಷದ ಹಿಂದೆ ಅಂಕೋಲೆಯ ನಮ್ಮ ಮನೆಗೆ ಇಂಥ ಯಂತ್ರವೊಂದನ್ನು ತಂದು ನಾವು ಕೈ ಸುಟ್ಟುಕೊಂಡವರು. ಇಲ್ಲಿ ಲಕ್ಷಣಾರ್ಥವನ್ನು ಹಿಡಿಯಬಾರದು, ವಾಚ್ಯಾರ್ಥದಲ್ಲಿಯೇ ಸುಟ್ಟುಕೊಂಡೆವು. ಆ ಸಂಗತಿಯನ್ನು ಮುಂದೆ ಹೇಳುವೆವು.

ಅವಳ ಪ್ರಶ್ನೆಯ ಹಿಂದೆ ಇನ್ನೊಂದು ಮಾತಿತ್ತು. ಅವಳ ಅತ್ತೆಯವರಿಗೆ ಅದಕ್ಕೂ ಹಿಂದಿನ ವರ್ಷ ಪಾರ್ಶ್ವವಾಯುವಿನ ಆಘಾತವಾಗಿ, ಜೀವಕ್ಕೆ ಅಪಾಯವಾಗದಿದ್ದರೂ ಬಲಗೈಯ ಶಕ್ತಿ ಬಹಳಷ್ಟು ಕುಗ್ಗಿತು. ನಾಲ್ವತ್ತು ವರ್ಷ ಆ ಮನೆಯ ಕಾಫಿಯು ಅವರ ಕೈಯದೇ ಆಗಿತ್ತು. ನಸುಕಿನಲ್ಲೆದ್ದು ಹಿತ್ತಾಳೆಯ ಫಿಲ್ಟರಿಗೆ ಪುಡಿ ತುಂಬಿ, ಕುದಿನೀರು ಹೊಯ್ದು, ಹಾಲು ಕಾಸಿ, ಲೋಟದಿಂದ ಬಟ್ಟಲಿಗೆ ಮೊಳದೆತ್ತರದಿಂದ ಸುರಿದು ನೊರೆಯೆಬ್ಬಿಸಿ ಕೊಡುತ್ತಿದ್ದರು. ಈಗ ಆ ಫಿಲ್ಟರಿನ ಬಿಗಿದ ಮೇಲ್ಭಾಗವನ್ನು ಬಿಚ್ಚುವದೇ ಅವರಿಗೆ ಅಸಾಧ್ಯ. ಮಧ್ಯಾಹ್ನ ಯಾರಾದರೂ ಬಂದರೆ “ಆಸರಿಗೆ ಏನಾಗಬೇಕು?” ಎಂದು ಕೇಳಿದ ಮೇಲೆ, ಸೊಸೆಯು ಕಛೇರಿಯಿಂದ ಬರುವ ತನಕ ಆ ಪ್ರಶ್ನೆಯು ಗಾಳಿಯಲ್ಲಿಯೇ ನಿಲ್ಲುವದು. ಕಡೆಕಡೆಗೆ ಅವರು ಹಾಗೆ ಕೇಳುವದನ್ನೇ ಬಿಟ್ಟರಂತೆ. ನಮ್ಮ ಸೊಸೆಗೆ (ತಂಗಿಯ ಮಗಳನ್ನು ನಾವು ಹಾಗೆಯೇ ಕರೆಯುವದು) ಇದನ್ನು ನೋಡಲಾಗಲಿಲ್ಲ.

ಎಸ್ಪ್ರೆಸ್ಸೊ ಎಂದ ಕೂಡಲೇ ಆ ಹಿರಿಯರ ಮನಸ್ಸಿಗೆ ಬಂದದ್ದು ಮದುವೆಯ ಮನೆಯ ಯಂತ್ರ. ವಾಚಕರೆಲ್ಲರೂ ಅದನ್ನು ಕಂಡಿರುವರು: ಮಂಟಪದ ಬದಿಗೆ ಹೊಳೆಯುವ ಹಂಡೆ, ಅದಕ್ಕೊಂದು ಬುಸುಗುಟ್ಟುವ ನಳಿಕೆ, ಹಾಲು ಸಕ್ಕರೆ ಪುಡಿಗಳನ್ನು ಬೆರೆಸಿದ ಪಾತ್ರೆಗೆ ಉಗಿ ಹಾಯಿಸಿ, ಉಕ್ಕಿದ ನೊರೆಯ ಮೇಲೆ ಚಿಟಿಕೆ ಚಾಕೊಲೇಟ್ ಪುಡಿ. ಇಟಲಿಯವರ ಶಾಸ್ತ್ರದಲ್ಲಿ ಅದು ಎಸ್ಪ್ರೆಸ್ಸೊವೇ ಅಲ್ಲ. ಅವರ ಭಾಷೆಯಲ್ಲಿ ಆ ಶಬ್ದಕ್ಕೆ ಒತ್ತಿ ತೆಗೆದದ್ದು ಎಂದರ್ಥ. ಹಾಲಿನ ಸಂಬಂಧವೇ ಅದಕ್ಕಿಲ್ಲ. ಟ್ಯೂರಿನ್ ನಗರದ ಆಂಜೆಲೊ ಮೊರಿಯೊಂಡೊ 1884ರಲ್ಲಿ ಉಗಿಯ ಸಹಾಯದಿಂದ ಕಾಫಿ ಇಳಿಸುವ ಯಂತ್ರಕ್ಕೆ ಪೇಟೆಂಟು ಪಡೆದನು. ಮಿಲಾನಿನ ಲುಯಿಜಿ ಬೆಜ್ಜೆರಾ 1901ರಲ್ಲಿ ಅದನ್ನು ಲೋಟ ಲೋಟವಾಗಿ ಕೊಡುವ ಹಾಗೆ ತಿದ್ದಿದನು. ಬರಿಯ ಉಗಿಯಿಂದ ಪುಡಿಯು ಸೀದ ರುಚಿ ಬರುವದನ್ನು ಕಂಡು ಆಕಿಲ್ಲೆ ಗಾಜ್ಜಿಯಾ ಎಂಬವನು 1938ರ ಹೊತ್ತಿಗೆ ಉಗಿಯನ್ನು ದೂರವಿಟ್ಟು ಬಿಸಿನೀರನ್ನೇ ಒತ್ತುವ ಉಪಾಯ ಹೂಡಿದನು. 1961ರಲ್ಲಿ ಫಾಯೆಮಾ ಕಂಪನಿಯ ಯಂತ್ರದಲ್ಲಿ ಆ ಒತ್ತುವ ಕೆಲಸವನ್ನು ವಿದ್ಯುತ್ ಪಂಪು ವಹಿಸಿಕೊಂಡಿತು. ಇಂದಿನ ಮನೆಯ ಯಂತ್ರಗಳೆಲ್ಲ ಈ ವಂಶದವೇ.

ನಮ್ಮ ಆಯುರ್ವೇದದಲ್ಲಿ ಕಷಾಯಕಲ್ಪನೆಗಳು ಐದು: ಹಿಂಡಿದ್ದು ಸ್ವರಸ, ಅರೆದದ್ದು ಕಲ್ಕ, ಕುದಿಸಿದ್ದು ಕ್ವಾಥ, ತಣ್ಣೀರಲ್ಲಿ ನೆನೆಸಿದ್ದು ಹಿಮ, ಬಿಸಿನೀರು ಹೊಯ್ದು ಸೋಸಿದ್ದು ಫಾಂಟ. ಈ ಲೆಕ್ಕದಲ್ಲಿ ನಮ್ಮ ಫಿಲ್ಟರಿನದು ಶುದ್ಧ ಫಾಂಟ. ಎಸ್ಪ್ರೆಸ್ಸೊ ಫಾಂಟಕ್ಕೂ ಸ್ವರಸಕ್ಕೂ ನಡುವಿನದು. ಸುಮಾರು 18 ಗ್ರಾಮ್ ನುಣುಪಾದ ಪುಡಿಯ ಮೂಲಕ 90ರಿಂದ 96 ಡಿಗ್ರಿ ಶಾಖದ ನೀರನ್ನು 9 ಬಾರ್ ಒತ್ತಡದಲ್ಲಿ ಹಾಯಿಸಿ, ಅರ್ಧ ನಿಮಿಷದೊಳಗೆ 36 ಗ್ರಾಮ್‌ದಷ್ಟು ರಸ ಇಳಿಸಬೇಕು. 9 ಬಾರ್ ಎಂದರೆ ತೊಂಬತ್ತು ಮೀಟರ್ ಎತ್ತರದ ನೀರಿನ ಕಂಬವು ಬುಡದಲ್ಲಿ ಒತ್ತುವಷ್ಟು ಒತ್ತಡ. ಪೆಟ್ಟಿಗೆಗಳ ಮೇಲೆ 15 ಬಾರ್, 20 ಬಾರ್ ಎಂದು ದಪ್ಪಕ್ಷರದಲ್ಲಿ ಅಚ್ಚು ಹಾಕಿರುವದು ಪಂಪಿನ ಪರಮಾವಧಿ ಶಕ್ತಿಯನ್ನು. ಒಳ್ಳೆಯ ಯಂತ್ರವು ಹೆಚ್ಚಿನದನ್ನು ತಾನೇ ಹೊರಕ್ಕೆ ಬಿಟ್ಟು 9ರ ಆಸುಪಾಸಿಗೆ ತರುವದು. ಆ ಅಂಕಿಗಾಗಿ ಹೆಚ್ಚು ಹಣ ಕೊಡುವದು ವ್ಯರ್ಥ.

ನಾವು ಹೇಳಬೇಕಾದ ಮುಖ್ಯ ಮಾತು ಇದೇ. ನಮ್ಮ ಮನೆಗಳ ಲೋಟದಲ್ಲಿ ಮುಕ್ಕಾಲು ಪಾಲು ಹಾಲು. ಹೀಗಿರಲು ಯಂತ್ರವನ್ನು ಪರೀಕ್ಷಿಸತಕ್ಕದ್ದು ಒತ್ತಡದಿಂದಲ್ಲ, ಉಗಿಯಿಂದ. ಮದುವೆಯ ಮನೆಯ ಯಂತ್ರಕ್ಕೆ ತಪ್ಪು ಹೆಸರಿಟ್ಟ ನಮ್ಮ ಜನರು ಈ ಒಂದು ವಿಷಯದಲ್ಲಿ ತಪ್ಪಿರಲಿಲ್ಲ.

ನಮ್ಮ ಕೈ ಸುಟ್ಟ ಕಥೆಯೂ ಉಗಿಯದೇ. ನಾವು ತಂದದ್ದು ಪಂಪು ಇಲ್ಲದ, ಅಗ್ಗದ ಜಾತಿಯದು. ಮುಚ್ಚಿದ ಪುಟ್ಟ ಹಂಡೆಯಲ್ಲಿ ನೀರು ಕುದಿದು, ಆ ಉಗಿಯೇ ನೀರನ್ನು ಪುಡಿಯೊಳಗಿಂದ ತಳ್ಳುವದು; ಉಳಿದ ಉಗಿಯೇ ಹಾಲಿಗೂ ಬೇಕು. ಒತ್ತಡವು ಮೂರು ನಾಲ್ಕು ಬಾರ್ ದಾಟದು. ಒಂದು ಭಾನುವಾರ ಹಳೆಯ ಶಿಷ್ಯರು ಐವರು ಬಂದರು. ಎರಡು ಲೋಟ ಆಗುವಷ್ಟರಲ್ಲಿ ನಳಿಕೆಯು ನಿಟ್ಟುಸಿರು ಬಿಟ್ಟು ಸುಮ್ಮನಾಯಿತು. ನೀರು ತೀರಿತೆಂದು ನಾವು ಅವಸರದಿಂದ ಹಂಡೆಯ ಮುಚ್ಚಳವನ್ನು ತಿರುಗಿಸಿದೆವು. ಒಳಗೆ ಒತ್ತಡವು ಪೂರ್ತಿ ಇಳಿದಿರಲಿಲ್ಲ. ಕುದಿನೀರು ಚಿಮ್ಮಿ ಮಣಿಕಟ್ಟಿನಿಂದ ಬೆರಳಿನ ವರೆಗೆ ಬೊಬ್ಬೆ ಎದ್ದವು. ಶಿಷ್ಯರಲ್ಲಿ ಒಬ್ಬನು ವೈದ್ಯನಾಗಿದ್ದುದು ನಮ್ಮ ಪುಣ್ಯ. ಇಂಥ ಯಂತ್ರವುಳ್ಳವರು ಇದೊಂದನ್ನು ನೆನಪಿಡಬೇಕು: ಗುಂಡಿಯಾರಿಸಿ, ನಳಿಕೆಯಿಂದ ಉಗಿಯನ್ನೆಲ್ಲ ಹೊರಬಿಟ್ಟು, ಯಂತ್ರವು ತಣ್ಣಗಾಗುವ ತನಕ ಮುಚ್ಚಳವನ್ನು ಮುಟ್ಟಬಾರದು. ಉಗಿಯಿಂದ ಕೆಲಸ ತೆಗೆಯುವ ವಿದ್ಯೆಯು ನಮ್ಮ ಸೀಮೆಗೆ ಹೊಸದಲ್ಲ. ಕಾರವಾರ ತಾಲೂಕಿನ ಕೈಗಾದಲ್ಲಿ 2000ನೆಯ ಇಸವಿಯಿಂದ ಅದರ ಬಲದಿಂದಲೇ ವಿದ್ಯುತ್ತು ಹುಟ್ಟುತ್ತಿದೆ. ಆದರೆ ಅಲ್ಲಿ ಕಾವಲಿಗೆ ತಜ್ಞರಿರುವರು. ಅಂಕೋಲೆಯ ಅಡಿಗೆಮನೆಯಲ್ಲಿ ನಾವೊಬ್ಬರೇ ಇದ್ದೆವು.

ಆ ಮೇಲೆ ಬೆಂಗಳೂರಿನಲ್ಲಿ ಮಗನ ಮನೆಯಲ್ಲಿದ್ದ ಎರಡು ತಿಂಗಳು ಪಂಪಿನ ಯಂತ್ರದೊಡನೆ ಪಳಗಿದೆವು. ಇವುಗಳಲ್ಲಿಯೂ ಭೇದಗಳುಂಟು. ಒಂದೇ ಹಂಡೆಯದಾದರೆ ಕಾಫಿ ಇಳಿಸಿದ ಮೇಲೆ ಉಗಿಯಾಗುವಷ್ಟು ಶಾಖ ಏರಲು ಕಾಯಬೇಕು, ಮುಂದಿನ ಕಾಫಿಗೆ ಮತ್ತೆ ಇಳಿಯಲು ಕಾಯಬೇಕು. ಇಬ್ಬರಿಗೆ ಸರಿ, ಆರು ಜನರಿಗೆ ತಪಸ್ಸು. ಹಂಡೆಯ ಬದಲು ಕಾದ ಲೋಹದ ಗಟ್ಟಿಯೊಳಗಿನ ಸಣ್ಣ ಹಾದಿಯಲ್ಲಿ ನೀರು ಹರಿಸುವ ಯಂತ್ರವು ನಿಮಿಷದೊಳಗೆ ಸಿದ್ಧವಾಗುವದು, ಉಗಿಯು ಸ್ವಲ್ಪ ಸೌಮ್ಯ. ಎರಡು ಹಂಡೆಯದು ಕಾಫಿ ಉಗಿ ಎರಡನ್ನೂ ಒಮ್ಮೆಗೇ ಕೊಡುವದು, ಬೆಲೆಯೂ ಅದಕ್ಕೆ ತಕ್ಕಂತೆ ಲಕ್ಷದ ಮಾತು. ಗುಂಡಿ ಒತ್ತಿದರೆ ಬೀಜ ಬೀಸುವದರಿಂದ ನೊರೆಯ ತನಕ ಎಲ್ಲವನ್ನೂ ತಾನೇ ಮಾಡುವ ಸ್ವಯಂಚಾಲಿತ ಯಂತ್ರಗಳೂ ಇವೆ; ಆದರೆ ಹಾಲು ಹರಿಯುವ ಅವುಗಳ ಸಣ್ಣ ಕೊಳವೆಗಳನ್ನು ದಿನದಿನವೂ ಬಿಚ್ಚಿ ತೊಳೆಯದಿದ್ದರೆ ನಮ್ಮ ಕರಾವಳಿಯ ಸೆಕೆಯಲ್ಲಿ ಹುಳಿನಾತ ಬರುವದು.

ನಳಿಕೆಯ ತುದಿಯನ್ನು ನೋಡುವದು ಅಗತ್ಯ. ಕೆಲವಕ್ಕೆ ಗಾಳಿಯನ್ನು ತಾನೇ ಎಳೆದುಕೊಳ್ಳುವ ದಪ್ಪ ಕವಚವಿರುವದು. ಅದರಿಂದ ಯಾರಿಗೂ ನೊರೆ ಬರುವದು, ಆದರೆ ಸೋಪಿನ ಗುಳ್ಳೆಯಂತೆ ದೊಡ್ಡದು. ಬರಿಯ ನಳಿಕೆಯಾದರೆ ವಾರವೆರಡು ವಾರ ಅಭ್ಯಾಸ ಬೇಕು. ಬಂದ ಮೇಲೆ ನೊರೆಯು ರೇಶಿಮೆಯಂತಿರುವದು. ನಮುಚಿಯೆಂಬ ಅಸುರನಿಗೆ ಹಸಿಯದರಿಂದಲೂ ಒಣಗಿದ್ದರಿಂದಲೂ ಕೊಲ್ಲೆನೆಂದು ಮಾತು ಕೊಟ್ಟ ಇಂದ್ರನು ನೀರಿನ ನೊರೆಯಿಂದ ಅವನನ್ನು ಕೊಂದನೆಂದು ವೈದಿಕ ಕಥೆಯುಂಟು. ಹಸಿಯೂ ಅಲ್ಲದ ಒಣಗಿದ್ದೂ ಅಲ್ಲದ ಆ ಹದವೇ ಹಾಲಿನ ನೊರೆಗೂ ಬೇಕು. ಫ್ರಿಜ್ಜಿನಿಂದ ತೆಗೆದ ತಣ್ಣನೆಯ ಹಾಲನ್ನು ಪಾತ್ರೆಯ ಅರ್ಧಕ್ಕಿಂತ ಕಡಿಮೆ ತುಂಬಿ, ನಳಿಕೆಯ ತುದಿ ಮೇಲ್ಮೈಗೆ ತಾಗಿಯೂ ತಾಗದಂತೆ ಹಿಡಿದು ಮೊದಲು ಗಾಳಿ ಸೇರಿಸಬೇಕು. ಪಾತ್ರೆಯು ಕೈಗೆ ಉಗುರುಬೆಚ್ಚಗೆ ತಾಗಿದೊಡನೆ ತುದಿಯನ್ನು ಮುಳುಗಿಸಿ ಹಾಲು ಸುಳಿಯಂತೆ ತಿರುಗುವ ಹಾಗೆ ಮಾಡಿ, 60-65 ಡಿಗ್ರಿಗೆ ನಿಲ್ಲಿಸಬೇಕು. ಅದಕ್ಕೂ ಮೀರಿ ಕಾಯಿಸಿದರೆ ನೊರೆ ಕುಸಿಯುವದು, ಹಾಲಿನ ಸಹಜವಾದ ಸಿಹಿಯೂ ಹೋಗುವದು. ನೊರೆಯನ್ನು ಎತ್ತಿ ಹಿಡಿಯುವದು ಹಾಲಿನ ಪ್ರೋಟೀನು, ಕೊಬ್ಬು ರುಚಿಗೆ. ಶೇಕಡಾ 3 ಕೊಬ್ಬಿನ ಟೋನ್ಡ್ ಹಾಲಿಗೂ ಚೆನ್ನಾಗಿ ನೊರೆ ಬರುವದೆಂಬದು ನಮ್ಮ ಮನೆಯವರ ಅನುಭವ. ಕಾಸಿದ ಹಾಲಾದರೆ ಕೆನೆಯನ್ನು ಪೂರ್ಣವಾಗಿ ತೆಗೆದು ತಣಿಸಬೇಕು, ಇಲ್ಲವಾದರೆ ಅದು ನಳಿಕೆಯ ರಂಧ್ರದಲ್ಲಿ ಸಿಕ್ಕುವದು. ಪ್ರತಿ ಸಲವೂ ಒದ್ದೆ ಬಟ್ಟೆಯಿಂದ ನಳಿಕೆಯನ್ನು ಒರೆಸಿ ಕ್ಷಣಕಾಲ ಉಗಿ ಬಿಡದವರ ಮನೆಯಲ್ಲಿ ನಾವು ಕಾಫಿ ಕುಡಿಯೆವು.

ಕೊಳ್ಳುವ ಮೊದಲು ಸ್ಥಳದ ವಿಚಾರವನ್ನೂ ಮಾಡಬೇಕು. 1350 ವ್ಯಾಟಿನ ಯಂತ್ರವು ಹೆಚ್ಚುಕಡಿಮೆ 6 ಆಂಪಿಯರ್ ವಿದ್ಯುತ್ತನ್ನು ಎಳೆಯುವದು. ಮಿಕ್ಸರಿನ ಪ್ಲಗ್ಗಿಗೆ ಸಿಕ್ಕಿಸದೆ 16 ಆಂಪಿಯರಿನದಕ್ಕೇ ಸಿಕ್ಕಿಸಬೇಕು. ಸಮುದ್ರದ ಸಮೀಪದ ಬಾವಿಗಳ ನೀರು ಬೇಸಿಗೆಯಲ್ಲಿ ಉಪ್ಪಾಗುವದುಂಟು, ಆ ನೀರು ಯಂತ್ರದ ಲೋಹವನ್ನು ತಿನ್ನುವದು. ಅಂಗಡಿಯ ಫಿಲ್ಟರ್ ಪುಡಿಯಲ್ಲಿ ಚಿಕೋರಿ ಇರುವದು, ಕಾಯಿದೆಯು ಅದಕ್ಕೆ ಶೇಕಡಾ 49ರ ವರೆಗೆ ಅವಕಾಶ ಕೊಟ್ಟಿದೆ. ಅದು ನೀರು ಕುಡಿದು ಅಂಟಾಗಿ ಈ ಯಂತ್ರದ ಜಾಲರಿಯನ್ನು ಕಟ್ಟುವದರಿಂದ ಚಿಕೋರಿ ಇಲ್ಲದ ಪುಡಿಯೇ ಬೇಕು. ನಮ್ಮ ಪಶ್ಚಿಮ ಕರಾವಳಿಯ ಮಳೆಗಾಳಿಗೆ ಒಡ್ಡಿ ಉಬ್ಬಿಸಿದ ‘ಮಾನ್ಸೂನ್ಡ್ ಮಲಬಾರ್’ ಬೀಜವನ್ನು ಯುರೋಪಿನವರು ಈ ಕೆಲಸಕ್ಕಾಗಿಯೇ ಕೊಳ್ಳುವರು, ನಾವು ಅದರ ಹೆಸರನ್ನೂ ಕೇಳಿಲ್ಲ!

ಎಲ್ಲಕ್ಕೂ ಮಿಗಿಲಾದದ್ದು ದುರಸ್ತಿಯ ಪ್ರಶ್ನೆ. ರಬ್ಬರಿನ ಬಳೆಯೊಂದು ಸವೆದರೂ ನಮ್ಮವರು ಮಡಗಾಂವಕ್ಕೆ ಇಲ್ಲವೆ ಘಟ್ಟ ಹತ್ತಿ ಹುಬ್ಬಳ್ಳಿಗೆ ಹೋಗಬೇಕು. 2024ರ ಜುಲೈ 16ರಂದು ಅಂಕೋಲೆ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಗಳು ಹೋಗಿ ಹೆದ್ದಾರಿಯು ಮುಚ್ಚಿದ್ದನ್ನೂ, ಮೂರು ವಾರದಲ್ಲಿ ಕಾಳಿ ನದಿಯ ಹಳೆಯ ಸೇತುವೆಯು ಮುರಿದು ಬಿದ್ದದ್ದನ್ನೂ ಕಂಡ ನಮಗೆ, ದೂರದ ದುರಸ್ತಿಯನ್ನು ನಂಬಿ ಕೂಡ್ರುವ ಧೈರ್ಯವಿಲ್ಲ. ಆದುದರಿಂದ ಬಳೆ, ಜಾಲರಿಗಳ ಒಂದೊಂದು ಜೊತೆಯನ್ನು ಯಂತ್ರದೊಡನೆಯೇ ತರತಕ್ಕದ್ದು.

ಇಷ್ಟನ್ನೂ ಕಾಗದದ ಮೇಲೆ ಬರೆದು ಸೊಸೆಗೆ ಕಳಿಸಿದೆವು. ಬರಿಯ ನೊರೆಯೇ ಸಾಕಾದವರಿಗೆ ಹಾಲನ್ನು ಕಾಯಿಸಿ ಕಡೆಯುವ ವಿದ್ಯುತ್ತಿನ ಚೊಂಬು ಕೆಲವೇ ಸಾವಿರಕ್ಕೆ ಸಿಗುವದೆಂದೂ ಬರೆದೆವು. ಅವಳ ಗಂಡನಿಗೆ ಗೋವೆಯಲ್ಲಿ ಕುಡಿದ ಕಾಫಿಯೂ ಮನೆಯಲ್ಲಿ ಬೇಕಿತ್ತು. ಒಂದನ್ನು ಮಾತ್ರ ನಾವು ಮರೆತಿದ್ದೆವು. ಅದನ್ನು ಅತ್ತೆಯವರೇ ನೆನಪಿಸಿದರು. ಅವರನ್ನೂ ಹುಬ್ಬಳ್ಳಿಯ ಅಂಗಡಿಗೆ ಕರೆದೊಯ್ದಿದ್ದರು. ನಾವು ಹೊಗಳಿದ ಯಂತ್ರದ ಮುಂದೆ ನಿಂತು, ಪುಡಿ ತುಂಬಿದ ಹಿಡಿಕೆಯ ಬಟ್ಟಲನ್ನು ಎಡಗೈಯಿಂದ ತಿರುಗಿಸಿ ಬಿಗಿಯಲು ನೋಡಿ, “ಇದಕ್ಕೆ ಯಂತ್ರವನ್ನು ಹಿಡಿಯಲು ಇನ್ನೊಂದು ಕೈ ಬೇಕಲ್ಲ” ಎಂದರಂತೆ. ಎರಡು ಕೈಯುಳ್ಳವರು ಬರೆದ ಸಲಹೆಯಲ್ಲಿ ಆ ಮಾತು ಹೇಗೆ ಬಂದೀತು?

ಕೊನೆಗೆ ಅವರು ತಂದದ್ದು ಲೋಹದ ಗಟ್ಟಿಯ ಜಾತಿಯ, ಬರಿಯ ನಳಿಕೆಯ, ಉಗಿಗೆ ಹಗುರವಾಗಿ ತಿರುಗುವ ಗುಂಡಿಯಿರುವ ಯಂತ್ರ. ಬೆಳಿಗ್ಗೆ ಮಗನೋ ಸೊಸೆಯೋ ಬಟ್ಟಲನ್ನು ಬಿಗಿದು ಕಾಫಿ ಇಳಿಸುವರು. ಮಧ್ಯಾಹ್ನಕ್ಕೆಂದು ಹಿತ್ತಾಳೆಯ ಫಿಲ್ಟರಿನಲ್ಲಿ ಬೆಳಿಗ್ಗೆಯೇ ಇಳಿದ ಡಿಕಾಕ್ಷನ್ನು ಫ್ರಿಜ್ಜಿನಲ್ಲಿರುವದು. ಮೊಮ್ಮಗನು ಸಾಗುವಾನಿಯ ತುಂಡೊಂದನ್ನು ಕೊಯ್ಯಿಸಿ ತಂದು ನಳಿಕೆಯ ಕೆಳಗಿಟ್ಟಿರುವನು. ಹಾಲಿನ ಪಾತ್ರೆಯನ್ನು ಅದರ ಮೇಲಿಟ್ಟರೆ ನಳಿಕೆಯ ತುದಿಯು ಸರಿಯಾಗಿ ಹಾಲಿಗೆ ತಾಗುವದು. ಆ ಮೇಲೆ ಎಡಗೈಯಿಂದ ಗುಂಡಿ ತಿರುಗಿಸಿ, ಅದೇ ಕೈಯನ್ನು ಪಾತ್ರೆಗೆ ತರುವದು.

ಡಿಸೆಂಬರಿನಲ್ಲಿ ನಾವು ಕಾರವಾರಕ್ಕೆ ಹೋದಾಗ ಮನೆಯಲ್ಲಿ ಅವರೊಬ್ಬರೇ ಇದ್ದರು. “ಮಾಸ್ತರರೇ, ಆಸರಿಗೆ ಏನಾಗಬೇಕು?” ಎಂದರು. ಕಾಫಿಯೇ ಆಗಲಿ ಎಂದು ಹೇಳಿ, ಸಹಾಯಕ್ಕೆ ಏಳಬೇಕೆನ್ನುವ ಆತುರವನ್ನು ಹತ್ತಿಕ್ಕಿ ಕುರ್ಚಿಯಲ್ಲಿಯೇ ಕುಳಿತೆವು. ಒಳಗೆ ಉಗಿಯು ಮೊದಲು ಕಿರುಚಿ, ಆ ಮೇಲೆ ತಗ್ಗಿದ ದನಿಗೆ ಇಳಿಯಿತು. ಲೋಟವನ್ನು ಎಡಗೈಯಲ್ಲಿ ತಂದು ಕೊಟ್ಟರು. ನೊರೆಯಲ್ಲಿ ಅಲ್ಲಲ್ಲಿ ದೊಡ್ಡ ಗುಳ್ಳೆಗಳಿದ್ದವು. ಸಕ್ಕರೆಯು ನಮ್ಮ ವೈದ್ಯರು ಹೇಳಿದ್ದಕ್ಕಿಂತ ಒಂದು ಚಮಚ ಹೆಚ್ಚಾಗಿತ್ತು. ಇನ್ನೊಂದು ಲೋಟ ಆಗಬಹುದೇ ಎಂದು ಕೇಳಿದೆವು. ಅವರು ಒದ್ದೆ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು ಮತ್ತೆ ಒಳಕ್ಕೆ ಹೋದರು.