ವಕೀಲರು ಯಾರ ಪರ?

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ದಪ್ಪನೆಯ ಫೈಲೊಂದನ್ನು ಹಿಡಿದುಕೊಂಡು ಮನೆಗೆ ಬಂದಳು. ಬಿ.ಎಡ್. ಮುಗಿಸಿ ಖಾಸಗಿ ಶಾಲೆಯಲ್ಲಿ ಗಣಿತ ಕಲಿಸುತ್ತಾಳೆ. ಗಂಡ ಬೆಂಗಳೂರಿನ ಸಾಫ್ಟ್‌ವೇರ್ ಕಂಪೆನಿಯಲ್ಲಿ ಇಂಜಿನಿಯರ್. ಕಂಪೆನಿ ಅವನನ್ನು ತನ್ನ ಅಮೆರಿಕದ ಶಾಖೆಗೆ ಕಳುಹಿಸುತ್ತಿದೆ. ಫೈಲಿನಲ್ಲಿದ್ದದ್ದು ಅಲ್ಲಿನ ವಕೀಲರ ಕಚೇರಿಯಿಂದ ಬಂದ ಪ್ರಶ್ನಾವಳಿ ಮತ್ತು ಫಾರಂಗಳು.

"ಸಹಿ ಹಾಕು ಅಂತಾರೆ ಮೇಡಂ, ಹಾಕ್ತೀನಿ. ಆದ್ರೆ ಈ ವಕೀಲರು ನಮ್ಮವರಾ, ಕಂಪೆನಿಯವರಾ?"

ಒಳ್ಳೆಯ ಪ್ರಶ್ನೆ. ವಕೀಲ ಎಂಬುದು ನಮಗೆ ಹೊಸ ಪದವಲ್ಲ. ಅರಬಿಯಿಂದ ಬಂದ ಪದ. ನಮ್ಮ ದಖನಿ ಮನೆಗಳಲ್ಲಿ ನಿಕಾಹ್‌ನ ದಿನ ವಕೀಲ್ ಇಬ್ಬರು ಸಾಕ್ಷಿಗಳೊಂದಿಗೆ ಒಳಕೋಣೆಗೆ ಬಂದು ಹುಡುಗಿಯ ಒಪ್ಪಿಗೆ ಕೇಳುತ್ತಾರೆ. ಅವರು ಯಾರ ಪರವಾಗಿ ಮಾತನಾಡುತ್ತಾರೆಂಬುದರಲ್ಲಿ ಯಾರಿಗೂ ಅನುಮಾನವಿರುವುದಿಲ್ಲ. ಆದರೆ ಕಂಪೆನಿಗಳ ವಲಸೆ ವ್ಯವಹಾರ ನೋಡಿಕೊಳ್ಳುವ ಈ ವಕೀಲರ ವಿಷಯ ಅಷ್ಟು ಸರಳವಾಗಿಲ್ಲ.

ಕರಾವಳಿಯ ಸಹೋದರಿಯರಿಗೆ ವೀಸಾ ಎಂದರೆ ಸೌದಿ, ದುಬೈ, ಕತಾರ್. ನಡುವೆ ಇರುವವನು ಏಜೆಂಟ್. ಅಮೆರಿಕದ ಉದ್ಯೋಗ ವೀಸಾದಲ್ಲಿ ಆ ಜಾಗದಲ್ಲಿ ಕಾನೂನು ಓದಿದ ವಕೀಲರಿರುತ್ತಾರೆ. ಅರ್ಜಿ ಹಾಕುವುದು ಉದ್ಯೋಗಿಯಲ್ಲ, ಕಂಪೆನಿ. ಈ ಕೆಲಸಕ್ಕೆ ಇಂಥ ವಿದ್ಯೆ ಬೇಕು, ಇವನಲ್ಲಿ ಅದಿದೆ, ಇಂತಿಷ್ಟು ಸಂಬಳ ಕೊಡುತ್ತೇವೆ ಎಂದು ಕಾಗದದ ಮೇಲೆ ಸಾಬೀತು ಮಾಡುವುದೇ ವಕೀಲರ ದುಡಿಮೆ. ಅನುಭವ ಪತ್ರ, ಡಿಗ್ರಿಯ ಮೌಲ್ಯಮಾಪನ, ಕಂಪೆನಿಯಲ್ಲಿ ಯಾರ ಕೈಕೆಳಗೆ ಯಾರು ಎಂಬ ನಕ್ಷೆ, ಮದುವೆಯ ಪ್ರಮಾಣಪತ್ರ, ಇಂಗ್ಲಿಷಿನಲ್ಲಿಲ್ಲದ ಪ್ರತಿಯೊಂದಕ್ಕೂ ಅನುವಾದ. ಕೋರ್ಟಿನಲ್ಲಿ ವಾದಿಸುವುದಕ್ಕಿಂತ ಕಾಗದ ಹೊಂದಿಸುವುದೇ ಹೆಚ್ಚು.

ಅವಳ ಫೈಲಿನಲ್ಲಿ ಎರಡು ವೀಸಾಗಳ ಹೆಸರಿದ್ದವು: ಎಚ್-1ಬಿ ಮತ್ತು ಎಲ್-1. ಯಾವುದೆಂದು ಕಂಪೆನಿ ಇನ್ನೂ ತೀರ್ಮಾನಿಸಿರಲಿಲ್ಲ. ಒಂದು ಅಕ್ಷರದ ವ್ಯತ್ಯಾಸ ತಾನೇ ಎಂದು ಗಂಡ ಹೇಳಿದನಂತೆ. ಹೆಂಡತಿಗೆ ಆ ಒಂದು ಅಕ್ಷರದಲ್ಲೇ ಎಲ್ಲವೂ ಇದೆ.

1990ರ ಕಾಯ್ದೆಯಿಂದ ಬಂದ ಎಚ್-1ಬಿ ವರ್ಷಕ್ಕೆ 65,000 ಜನರಿಗೆ ಸಿಗುತ್ತದೆ. ಅಮೆರಿಕದಲ್ಲೇ ಸ್ನಾತಕೋತ್ತರ ಪದವಿ ಪಡೆದವರಿಗೆ ಇನ್ನೂ 20,000. ಬೇಡಿಕೆ ಇದಕ್ಕಿಂತ ಎಷ್ಟೋ ಹೆಚ್ಚಿರುವುದರಿಂದ ಆಯ್ಕೆಗೆ ಲಾಟರಿ ಬಂತು. 2025ರ ಸೆಪ್ಟೆಂಬರಿನಲ್ಲಿ ಅಧ್ಯಕ್ಷ ಟ್ರಂಪ್ ಹೊರಡಿಸಿದ ಘೋಷಣೆಯೊಂದು ಹೊರದೇಶದಿಂದ ಕರೆಸಿಕೊಳ್ಳುವ ಹೊಸ ಅರ್ಜಿಗಳಿಗೆ ಒಂದು ಲಕ್ಷ ಡಾಲರ್ ಶುಲ್ಕ ಹೇರಿತು. ಎಲ್-1 ಹಾಗಲ್ಲ. ಒಂದೇ ಸಂಸ್ಥೆಯ ಹೊರದೇಶದ ಕಚೇರಿಯಲ್ಲಿ ಕಳೆದ ಮೂರು ವರ್ಷಗಳಲ್ಲಿ ಕನಿಷ್ಠ ಒಂದು ವರ್ಷ ಸತತವಾಗಿ ದುಡಿದವರನ್ನು ಅಮೆರಿಕದ ಕಚೇರಿಗೆ ವರ್ಗಾಯಿಸುವ ವೀಸಾ ಅದು. ಲಾಟರಿ ಇಲ್ಲ. ಮ್ಯಾನೇಜರ್ ಆದರೆ ಗರಿಷ್ಠ ಏಳು ವರ್ಷ, ವಿಶೇಷ ಜ್ಞಾನವುಳ್ಳ ನೌಕರನಾದರೆ ಐದು ವರ್ಷ. ಆದರೆ ಆ ವೀಸಾದಲ್ಲಿ ಬೇರೆ ಕಂಪೆನಿಗೆ ಹಾರುವಂತಿಲ್ಲ. ಎಚ್-1ಬಿಯವನು ಹೊಸ ಕಂಪೆನಿ ಅರ್ಜಿ ಹಾಕಿದರೆ ಬದಲಾಯಿಸಬಹುದು.

ಇನ್ನು ಹೆಂಡತಿಯ ಕಡೆಯಿಂದ ನೋಡಿ. ಎಲ್-1ರವನ ಹೆಂಡತಿಗೆ ದುಡಿಯುವ ಹಕ್ಕನ್ನು 2002ರಲ್ಲೇ ಕಾನೂನು ಕೊಟ್ಟಿತು. ಆದರೂ ಪ್ರತ್ಯೇಕ ಅನುಮತಿ ಕಾರ್ಡಿಗಾಗಿ ತಿಂಗಳುಗಟ್ಟಲೆ ಕಾಯಬೇಕಿತ್ತು. ವಕೀಲರು ಮೊಕದ್ದಮೆ ಹೂಡಿದರು. 2021ರ ನವೆಂಬರಿನ ರಾಜಿಯ ನಂತರ ದೇಶ ಪ್ರವೇಶದ ದಾಖಲೆಯೇ ಅವಳ ಕೆಲಸದ ಅನುಮತಿಯಾಯಿತು. ಎಚ್-1ಬಿಯವನ ಹೆಂಡತಿಗೆ, ಅಂದರೆ ಎಚ್-4ರವಳಿಗೆ, 2015ರ ಮೇ ತಿಂಗಳ ತನಕ ದುಡಿಯುವ ದಾರಿಯೇ ಇರಲಿಲ್ಲ. ಆಮೇಲೂ ಗಂಡನ ಗ್ರೀನ್ ಕಾರ್ಡ್ ಪ್ರಕ್ರಿಯೆ ಒಂದು ಹಂತ ದಾಟಿದ ಮೇಲಷ್ಟೇ ಅರ್ಜಿ ಹಾಕಬಹುದು. ಎಂ.ಟೆಕ್. ಓದಿದ, ಡಾಕ್ಟರಿಕೆ ಓದಿದ ಎಷ್ಟು ಹೆಣ್ಣುಮಕ್ಕಳು ಹೀಗೆ ವರ್ಷಗಟ್ಟಲೆ ಮನೆಯಲ್ಲಿ ಕುಳಿತರೋ! ಮನೆಯಲ್ಲಿರುವುದು ಕೀಳೆಂದು ನಾನು ಹೇಳುತ್ತಿಲ್ಲ. ಇರಬೇಕೋ ಬೇಡವೋ ಎಂಬುದನ್ನು ಅವಳನ್ನು ಕೇಳದೆ ಒಂದು ಫಾರಂ ತೀರ್ಮಾನಿಸುತ್ತದೆ ಎನ್ನುವುದಷ್ಟೇ ನನ್ನ ತಕರಾರು.

ಗ್ರೀನ್ ಕಾರ್ಡಿನ ಸಾಲೂ ಉದ್ದ. ಉದ್ಯೋಗದ ಆಧಾರದಲ್ಲಿ ವರ್ಷಕ್ಕೆ ಸುಮಾರು 1,40,000, ಒಂದೊಂದು ದೇಶದವರಿಗೆ ಶೇ. 7ರ ಮಿತಿ. ಭಾರತದಲ್ಲಿ ಹುಟ್ಟಿದವರು ಹತ್ತು ವರ್ಷ ದಾಟಿದರೂ ಕಾಯುತ್ತಿದ್ದಾರೆ. ಅಷ್ಟರಲ್ಲಿ ಜೊತೆಗೆ ಹೋದ ಮಗುವಿಗೆ 21 ತುಂಬಿದರೆ ತಂದೆಯ ವೀಸಾದ ಆಸರೆ ತಪ್ಪುತ್ತದೆ.

ಮತ್ತೆ ಅವಳ ಪ್ರಶ್ನೆಗೆ ಬರುತ್ತೇನೆ. ಫೀಸು ಕೊಡುವುದು ಕಂಪೆನಿ. ಆದರೂ ಅನೇಕ ವಕೀಲರು ಕಂಪೆನಿ ಮತ್ತು ನೌಕರ ಇಬ್ಬರನ್ನೂ ಕಕ್ಷಿದಾರರೆಂದೇ ನೋಡುತ್ತಾರೆ. ಕೆಲವರು ಕಂಪೆನಿಯೊಂದೇ ಎನ್ನುತ್ತಾರೆ. ಯಾವುದೆಂದು ಒಪ್ಪಂದದ ಪತ್ರದಲ್ಲಿ ಬರೆದಿರುತ್ತದೆ, ಓದುವವರು ಕಡಿಮೆ. ಇಬ್ಬರ ಹಿತವೂ ಒಂದೇ ಆಗಿರುವಷ್ಟು ದಿನ ತೊಂದರೆಯಿಲ್ಲ. ನೌಕರ ಬೇರೆ ಕಡೆ ಕೆಲಸ ಹುಡುಕುತ್ತಿದ್ದೇನೆಂದು ವಕೀಲರ ಬಳಿ ಹೇಳಿಕೊಂಡರೆ? ಇಬ್ಬರ ವಕೀಲನಾದವನು ಒಬ್ಬನಿಂದ ಮುಖ್ಯ ಸಂಗತಿಯನ್ನು ಮುಚ್ಚಿಡುವುದು ಕಷ್ಟ. ನಂಬಿ ಹೇಳಿದವನಿಗೆ ಇದು ಗೊತ್ತಿರಬೇಕಲ್ಲವೇ?

ಕಾಗದದಲ್ಲಿ ಒಂದು, ಕೆಲಸದಲ್ಲಿ ಇನ್ನೊಂದು ಎಂಬ ಆರೋಪ ಬಂದರೆ ಏನಾಗುತ್ತದೆಂಬುದಕ್ಕೆ ನಮ್ಮ ಬೆಂಗಳೂರಿನದೇ ಉದಾಹರಣೆಯಿದೆ. ಸಭೆ, ಮಾತುಕತೆಗಳಿಗೆಂದು ಇರುವ ಬಿ-1 ವೀಸಾದಲ್ಲಿ ನೌಕರರನ್ನು ಕಳುಹಿಸಿ ದುಡಿಸಿದ ಆರೋಪದ ಪ್ರಕರಣವನ್ನು ಇನ್ಫೋಸಿಸ್ 2013ರಲ್ಲಿ 3.4 ಕೋಟಿ ಡಾಲರ್ ಕೊಟ್ಟು ಇತ್ಯರ್ಥ ಮಾಡಿಕೊಂಡಿತು. ವಂಚನೆಯ ಆರೋಪವನ್ನು ಕಂಪೆನಿ ಒಪ್ಪಲಿಲ್ಲ, ದಾಖಲೆಗಳಲ್ಲಿನ ಲೋಪಗಳನ್ನು ಮಾತ್ರ ಒಪ್ಪಿತು.

ಗಡಿಯಲ್ಲೇ ಬದುಕು ನಿಂತಿರುವವರೂ ಇದ್ದಾರೆ. ಕೆನಡಾದ ವಿಂಡ್ಸರ್ ಊರಿನ ನರ್ಸ್‌ಗಳು ನದಿ ದಾಟಿ ಅಮೆರಿಕದ ಡೆಟ್ರಾಯಿಟ್ ಆಸ್ಪತ್ರೆಗಳಿಗೆ ಡ್ಯೂಟಿಗೆ ಹೋಗಿಬರುತ್ತಾರೆ. 1994ರ ವ್ಯಾಪಾರ ಒಪ್ಪಂದದಿಂದ ಬಂದ ಟಿಎನ್ ಅನುಮತಿ ಅವರದು. 2017ರ ಮಾರ್ಚ್‌ನಲ್ಲಿ ಉನ್ನತ ತರಬೇತಿ ಪಡೆದ ನರ್ಸ್ ಒಬ್ಬರಿಗೆ ಗಡಿಯಲ್ಲಿ ಈ ಅನುಮತಿ ಸಿಗಲಿಲ್ಲ. ಆಸ್ಪತ್ರೆಯ ವಕೀಲರು ಮಾತೆತ್ತಿದರು, ನೀತಿಯೇನೂ ಬದಲಾಗಿಲ್ಲವೆಂದು ಗಡಿ ಇಲಾಖೆ ಹೇಳಿತು.

ನನ್ನನ್ನು ಹೆಚ್ಚು ಕಾಡಿದ್ದು ಇನ್ನೊಂದು ಘಟನೆ. 2017ರ ಫೆಬ್ರವರಿ 22ರಂದು ಕಾನ್ಸಸ್ ರಾಜ್ಯದ ಒಲೇತ್‌ನಲ್ಲಿ ಹೈದರಾಬಾದ್ ಮೂಲದ ಇಂಜಿನಿಯರ್ ಒಬ್ಬರನ್ನು ಇರಾನಿನವರೆಂದು ತಿಳಿದು ಒಬ್ಬಾತ ಗುಂಡಿಕ್ಕಿ ಕೊಂದ. ಗಂಡನ ಅಂತ್ಯಕ್ರಿಯೆಗೆ ಭಾರತಕ್ಕೆ ಬಂದ ಹೆಂಡತಿಗೆ ಮರಳಿ ಹೋಗುವ ದಾರಿಯೇ ಮುಚ್ಚಿಹೋಗಿತ್ತು. ಗಂಡನ ಜೊತೆಗೆ ಅವರ ವೀಸಾ ಹಕ್ಕೂ ಸತ್ತಿತ್ತು. ಸಂಸದ ಕೆವಿನ್ ಯೋಡರ್ ಮುತುವರ್ಜಿ ವಹಿಸಿದ ಮೇಲೆ ತಾತ್ಕಾಲಿಕ ಅನುಮತಿ ಸಿಕ್ಕಿತು. ಎಲ್ಲ ವಿಧವೆಯರಿಗೂ ಸಂಸದರು ಸಿಗುತ್ತಾರೆಯೇ? ಕೆಲಸ ಹೋದರೂ ಕಷ್ಟವೇ. ಹೊಸ ದಾರಿ ನೋಡಿಕೊಳ್ಳಲು ಇಡೀ ಕುಟುಂಬಕ್ಕೆ ಹೆಚ್ಚೆಂದರೆ 60 ದಿನ.

ಇದನ್ನೆಲ್ಲ ಹೇಳಿದಾಗ ಅವಳು ಹೆದರಲಿಲ್ಲ, ನೋಟ್‌ಬುಕ್ ತೆಗೆದಳು. ಗಂಡನಿಂದ ವಕೀಲರಿಗೆ ಇಮೇಲ್ ಬರೆಸಿದಳು. ನೀವು ನಮ್ಮ ಪರವಾಗಿಯೂ ಇದ್ದೀರಾ, ಎಲ್ ಆದರೆ ನನಗೆ ಶಿಕ್ಷಕಿಯ ಕೆಲಸ ಮಾಡಬಹುದೇ, ನಮ್ಮ ಕಾಗದಗಳ ಪ್ರತಿ ನನಗೂ ಸಿಗುತ್ತದೆಯೇ ಎಂಬ ಮೂರೇ ಪ್ರಶ್ನೆ. "ಇದೆಲ್ಲ ಕೇಳಿದ್ರೆ ಕಂಪೆನಿಯವರು ಏನಂದ್ಕೋತಾರೆ?" ಎಂದು ಗಂಡ ಮೊದಲು ಗೊಣಗಿದನಂತೆ. ನಾಲ್ಕು ದಿನದಲ್ಲಿ ಉತ್ತರ ಬಂತು. ಕುಟುಂಬದ ಅರ್ಜಿಯಲ್ಲಿ ನಿಮ್ಮ ಪರವೂ ಹೌದು, ಕಂಪೆನಿಯೊಂದಿಗೆ ಭಿನ್ನಾಭಿಪ್ರಾಯ ಬಂದರೆ ಬೇರೆ ವಕೀಲರನ್ನು ನೋಡಿಕೊಳ್ಳಿ, ಪ್ರತಿ ಕಳುಹಿಸುತ್ತೇವೆ. ಕಂಪೆನಿ ಎಲ್-1ನ್ನೇ ಆರಿಸಿತ್ತು. ದುಡಿಯಬಹುದು, ಆದರೆ ಶಾಲೆಯಲ್ಲಿ ಕಲಿಸಲು ಆ ರಾಜ್ಯದ ಲೈಸೆನ್ಸ್ ಬೇರೆಯೇ ಬೇಕು.

ಜೊತೆಗೆ ವಕೀಲರದೂ ಒಂದು ಪ್ರಶ್ನೆಯಿತ್ತು. ಪಾಸ್‌ಪೋರ್ಟಿನಲ್ಲಿ ನಿಮ್ಮದು ಒಂದೇ ಹೆಸರು, ಹೀಗೆಯೇ ಇರಲೇ? ನಮ್ಮ ಹೆಣ್ಣುಮಕ್ಕಳಲ್ಲಿ ಇದು ಸಾಮಾನ್ಯ. ಅಂಥವರ ಅಮೆರಿಕದ ವೀಸಾದಲ್ಲಿ ಇರುವ ಹೆಸರನ್ನು ಮನೆತನದ ಹೆಸರಾಗಿ ಬರೆದು, ಮೊದಲ ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು', ಅಂದರೆ 'ಹೆಸರು ಗೊತ್ತಿಲ್ಲ' ಎಂದು ಅಚ್ಚು ಮಾಡುತ್ತಾರೆ. 2022ರ ನವೆಂಬರಿನಲ್ಲಿ ಯುಎಇ ಕೂಡ ಒಂದೇ ಹೆಸರಿನ ಪಾಸ್‌ಪೋರ್ಟಿನ ಸಂದರ್ಶಕರನ್ನು ತಡೆದು, ಆಮೇಲೆ ತಂದೆಯ ಹೆಸರಿದ್ದರೆ ಸಾಕೆಂದು ಸಡಿಲಿಸಿತ್ತು.

"ಹೆಸರು ಗೊತ್ತಿಲ್ಲ ಅಂತ ಹಾಕಿಸ್ಕೊಂಡು ಯಾಕೆ ಹೋಗ್ಬೇಕು ಮೇಡಂ?" ಎಂದಳು. ಮೊನ್ನೆ ಫೋನ್ ಮಾಡಿದಾಗ ಪಾಸ್‌ಪೋರ್ಟ್ ಸೇವಾ ಕೇಂದ್ರದ ಸಾಲಿನಲ್ಲಿ ನಿಂತಿದ್ದಳು.