ಹುಡುಗ್ರಿಗೆ ಯಾಕ್ ಬೇಕ್ರೀ ಈ ಉಸಾಬರಿ?

ವಿಶ್ವ ಪರಿಸರ ದಿನವಾದ ಜೂನ್ 5ರಂದು ಬೆಳಗಾವಿಯ ಯಾವುದಾದರೂ ಶಾಲೆಯ ಚಿತ್ರಕಲಾ ಸ್ಪರ್ಧೆಗೆ ಹೋಗಿ ನೋಡಿ. ಕರಗುವ ಹಿಮ, ಒಂಟಿ ಹಿಮಕರಡಿ, ಕಣ್ಣೀರಿಡುವ ಭೂಗೋಳ ಎಲ್ಲ ಸಿಗುತ್ತವೆ. ಬಳ್ಳಾರಿ ನಾಲಾ ಮಾತ್ರ ಸಿಗುವುದಿಲ್ಲ. ಶಹಾಪುರ, ವಡಗಾವಿಯ ಗದ್ದೆಗಳ ಮಗ್ಗುಲಲ್ಲಿ ನಗರದ ಕೊಳಚೆ ಹೊತ್ತು ಹರಿಯುವ, ಮಳೆ ಜೋರಾದರೆ ಉಕ್ಕಿ ಬೆಳಗಾವಿ ಬಾಸುಮತಿಯ ಪೈರನ್ನು ಮುಳುಗಿಸುವ ನಾಲಾ ಅದು. 2019ರ ಆಗಸ್ಟ್ ನೆರೆಯಲ್ಲಿ ಊರಿಗೆ ಊರೇ ಅದರ ಹೆಸರು ಹಿಡಿದು ಶಪಿಸಿತ್ತು.

ಕಾರಣ ಸರಳ. ಹಿಮಕರಡಿಯ ಪರವಾಗಿ ಮಾತಾಡಿದರೆ ಬೆಳಗಾವಿಯಲ್ಲಿ ಯಾರೂ ಮುನಿಸಿಕೊಳ್ಳುವುದಿಲ್ಲ. ನಾಲಾದ ಬಗ್ಗೆ ಬರೆದರೆ ಯಾರ ಕಾಂಪೌಂಡು ಎಷ್ಟು ಅಡಿ ಮುಂದೆ ಬಂದಿದೆ, ಹೂಳು ತೆಗೆದ ಬಿಲ್ಲು ಯಾರದು ಎಂಬ ಮಾತು ಬಂದೇ ಬರುತ್ತದೆ. ಆಗ ಬಹುಮಾನ ಹಂಚಿದ ಹಿರಿಯರೇ ಕೇಳುತ್ತಾರೆ: "ಹುಡುಗ್ರಿಗೆ ಯಾಕ್ ಬೇಕ್ರೀ ಈ ಉಸಾಬರಿ?"

ಮಕ್ಕಳಿಗೆ ಈ ಉಸಾಬರಿ ಬೇಕು ಎನ್ನುವವನು ನಾನು. ಭಾಷಣ, ಘೋಷಣೆಗಿಂತ ವರದಿ ಬೇಕು ಎಂಬುದು ನನ್ನ ಹಟ. 'ಪರಿಸರದ ಯುವ ವರದಿಗಾರರು' ಎಂಬ ಅಂತರರಾಷ್ಟ್ರೀಯ ಕಾರ್ಯಕ್ರಮ 1994ರಿಂದ ನಡೆದಿದೆ. ಭಾರತದಲ್ಲಿ ಅದನ್ನು ನಡೆಸುವುದು ಅಹಮದಾಬಾದಿನ ಪರಿಸರ ಶಿಕ್ಷಣ ಕೇಂದ್ರ. ಹನ್ನೊಂದರಿಂದ ಇಪ್ಪತ್ತೈದರ ವಯಸ್ಸಿನವರು ತಮ್ಮೂರಿನ ಸಮಸ್ಯೆಯನ್ನು ತನಿಖೆ ಮಾಡಬೇಕು, ಪರಿಹಾರ ಹುಡುಕಬೇಕು, ವರದಿ ಬರೆಯಬೇಕು, ಜನಕ್ಕೆ ಮುಟ್ಟಿಸಬೇಕು. ಎರಡನೆಯದರ ಬಗ್ಗೆ ಮಾತ್ರ ನನ್ನ ತಕರಾರಿದೆ. ಪಾಲಿಕೆಗೇ ಹೊಳೆಯದ ಪರಿಹಾರವನ್ನು ಎಂಟನೇ ಇಯತ್ತೆಯ ಹುಡುಗಿಯಿಂದ ಯಾಕೆ ಕೇಳಬೇಕು? ಜವಾಬ್ದಾರಿ ಯಾರದು ಎಂದು ಅವಳು ಪತ್ತೆ ಹಚ್ಚಿದರೆ ಸಾಕು.

ಕೆಲಸಕ್ಕೇನೂ ಕೊರತೆಯಿಲ್ಲ. ಮಲಪ್ರಭೆ ಹುಟ್ಟುವುದು ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ಗುರುತಿಸಿದ ದೇಶದ 351 ಮಲಿನ ನದಿಪಾತ್ರಗಳಲ್ಲಿ ಕರ್ನಾಟಕದವು 17. ಅವುಗಳಲ್ಲಿ ಮಲಪ್ರಭೆಯೂ ಒಂದು. "ನದಿ ಮಲಿನವಾಗಿದೆ" ಎಂದು ಬರೆದರೆ ಅದು ಪ್ರಬಂಧ. ಖಾನಾಪುರದ ಘಾಟಿನ ಹತ್ತಿರ ಇಂಥ ದಿನ, ಇಂಥ ಹೊತ್ತಿಗೆ, ಇಂಥ ಗಟಾರದ ನೀರು ಹೊಳೆಗೆ ಬೀಳುತ್ತಿತ್ತು, ಪಟ್ಟಣ ಪಂಚಾಯಿತಿಯವರು ಹೀಗೆಂದರು, ತಿಂಗಳು ಬಿಟ್ಟು ಹೋದಾಗಲೂ ಹಾಗೇ ಇತ್ತು ಎಂದು ಬರೆದರೆ ವರದಿ. ಖಾನಾಪುರದಿಂದ ಬೆಳಗಾವಿಯ ಕಾಲೇಜುಗಳಿಗೆ ದಿನಾ ಬಸ್ಸಲ್ಲಿ ಬರುವ ಹುಡುಗರ ಕಣ್ಣೆದುರೇ ಹೆದ್ದಾರಿ ಅಗಲವಾಯಿತು, ಸಾಲುಮರಗಳು ಉರುಳಿದವು. ಬದಲಿಗೆ ನೆಟ್ಟ ಸಸಿಗಳಲ್ಲಿ ಎಷ್ಟು ಉಳಿದಿವೆ ಎಂದು ಎಣಿಸಲು ಕಿಟಕಿ ಪಕ್ಕದ ಸೀಟು ಸಾಕು.

ನನಗೆ ಹೆಚ್ಚು ಆಸೆ ಇರುವುದು ಭೀಮಗಡದ ಕಾಡಿನೊಳಗಿನ ಊರುಗಳಿಂದ ಬರಬೇಕಾದ ವರದಿಗಳ ಮೇಲೆ. ಸುಮಾರು 190 ಚದರ ಕಿಲೋಮೀಟರ್ ಕಾಡು 2011ರಲ್ಲಿ ವನ್ಯಜೀವಿಧಾಮವಾಯಿತು. ತಳೇವಾಡಿ ಸಮೀಪದ ಬಾರಾಪೇಡೆ ಗುಹೆಯಲ್ಲಿ 1913ರಲ್ಲಿ ವಿಜ್ಞಾನ ಲೋಕಕ್ಕೆ ಪರಿಚಯವಾದ ರಾಟನ್ ಬಾವಲಿ ಇದೆ. ಜಗತ್ತಿನಲ್ಲಿ ಅದರ ನೆಲೆ ಇದೊಂದೇ ಎಂದು ಬಹುಕಾಲ ನಂಬಲಾಗಿತ್ತು. ಇದೇ ಕಾಡಲ್ಲಿ ಹುಟ್ಟುವ ಮಹದಾಯಿ ನದಿಯ ನೀರಿನಲ್ಲಿ ನ್ಯಾಯಮಂಡಳಿ 2018ರ ಆಗಸ್ಟ್‌ನಲ್ಲಿ ಕರ್ನಾಟಕಕ್ಕೆ 13.42 ಟಿಎಂಸಿ ಕೊಟ್ಟಿತು. ಆ ಅಂಕಿ ನಮ್ಮ ನಾಲಿಗೆ ತುದಿಯಲ್ಲೇ ಇದೆ. ಕಣಕುಂಬಿಯ ಶಾಲೆಯ ನಲ್ಲಿಗೆ ಏಪ್ರಿಲ್‌ನಲ್ಲಿ ನೀರು ಬರುತ್ತದೋ ಇಲ್ಲವೋ ಎಂದರೆ ಯಾರಿಗೂ ಗೊತ್ತಿಲ್ಲ. ಕಾಡಿನೊಳಗಿನ ಅಮಗಾಂವದಿಂದ ಕಾಯಿಲೆಯ ಹೆಣ್ಣುಮಗಳೊಬ್ಬಳನ್ನು 2024ರ ಮಳೆಗಾಲದಲ್ಲಿ ಊರವರು ಕಟ್ಟಿಗೆಯ ಸ್ಟ್ರೆಚರಿನಲ್ಲಿ ಹೊತ್ತು ತಂದಾಗ ಒಂದು ವಾರ ಎಲ್ಲರೂ ಬರೆದೆವು. ಆಮೇಲೆ ಸ್ಥಳಾಂತರದ ಮಾತು, ಪರಿಹಾರದ ಮೊತ್ತ. ಹೋಗುವವರು ಯಾಕೆ ಹೋಗುತ್ತಾರೆ, ಉಳಿಯುವವರು ಯಾಕೆ ಉಳಿಯುತ್ತಾರೆ ಎಂಬುದನ್ನು ಆ ಊರಲ್ಲೇ ಹುಟ್ಟಿದ, ಮೊಬೈಲ್ ಸಿಗ್ನಲ್‌ಗಾಗಿ ಗುಡ್ಡ ಹತ್ತುವ ಹುಡುಗನೊಬ್ಬ ಬರೆದರೆ, ನಗರದ ಪರಿಸರವಾದಿಗೂ ರಸ್ತೆ ಭರವಸೆಯ ರಾಜಕಾರಣಿಗೂ ಒಟ್ಟಿಗೇ ಇರಿಸುಮುರಿಸಾಗುತ್ತದೆ. ಆಗಲಿ.

ಅವನು ಬರೆಯುವುದು ಬಹುಶಃ ಮರಾಠಿಯಲ್ಲಿ. ಕಡತ ಓಡುವುದು ಕನ್ನಡದಲ್ಲಿ. ವರದಿ ಎರಡೂ ಭಾಷೆಯಲ್ಲಿ ಅಚ್ಚಾಗಬೇಕು, ಬೇರೆ ದಾರಿಯಿಲ್ಲ. ನಮ್ಮಲ್ಲಿ ಬೋರ್ಡಿನ ಭಾಷೆಗಾಗಿ ಆದಷ್ಟು ಜಗಳ ಬೋರ್ಡಿನ ಕೆಳಗಿನ ಗಟಾರಕ್ಕಾಗಿ ಆಗಿದ್ದರೆ ಅರ್ಧ ಬೆಳಗಾವಿ ಸ್ವಚ್ಛವಾಗಿರುತ್ತಿತ್ತು.

ತಂದೆ–ತಾಯಿಯ ಭಯ ಸುಳ್ಳಲ್ಲ. ರೈತ ಚಳವಳಿಗೆ ಬೆಂಬಲ ಸೂಚಿಸುವ ಒಂದು 'ಟೂಲ್‌ಕಿಟ್' ಹೆಸರಲ್ಲಿ ಬೆಂಗಳೂರಿನ ಯುವ ಪರಿಸರ ಕಾರ್ಯಕರ್ತೆ ದಿಶಾ ರವಿಯನ್ನು 2021ರ ಫೆಬ್ರುವರಿಯಲ್ಲಿ ದೆಹಲಿ ಪೊಲೀಸರು ಬಂಧಿಸಿದ್ದನ್ನು ಅವರು ಟಿವಿಯಲ್ಲಿ ನೋಡಿದ್ದಾರೆ. ಊರಲ್ಲಾದರೆ ಪೊಲೀಸರಿಗಿಂತ ಮರಳಿನ ಟಿಪ್ಪರಿನ ಹೆದರಿಕೆ ದೊಡ್ಡದು; ಟಿಪ್ಪರಿನವನು ಒಮ್ಮೊಮ್ಮೆ ಸ್ವಂತ ಸೋದರಮಾವನೇ ಆಗಿರುತ್ತಾನೆ. ಹಾಗಾಗಿ ಒಬ್ಬಂಟಿ ಹುಡುಗ ರಾತ್ರಿ ಹೊಳೆದಂಡೆಗೆ ಹೋಗಿ ರೀಲ್ಸ್ ಮಾಡುವುದು ನನಗೆ ಒಪ್ಪಿಗೆಯಿಲ್ಲ. ನಾಲ್ವರು ಕೂಡಿ, ಹಗಲಲ್ಲಿ, ಶಿಕ್ಷಕರೊಬ್ಬರ ಜೊತೆ ಹೋಗಲಿ. ವರದಿ ಹೆಸರಿಲ್ಲದೆ ಅಚ್ಚಾಗಲಿ, ಕೇಸು ಬಿದ್ದರೆ ಸಂಪಾದಕರು ಎದುರಿಸಲಿ. 1983ರಲ್ಲಿ ಶಿರಸಿ ಕಡೆಯ ಅಪ್ಪಿಕೋ ಚಳವಳಿಗೆ ಹೊರಟ ಹುಡುಗರ ಬೆನ್ನಿಗೂ ಒಂದು ಯುವಕ ಮಂಡಳಿ ಇತ್ತು.

ಉಳಿದದ್ದಕ್ಕೆ ಹತ್ತು ರೂಪಾಯಿ ಸಾಕು. ಮಾಹಿತಿ ಹಕ್ಕಿನ ಅರ್ಜಿ ಒಂದೇ ವಿಷಯದ್ದಾಗಿರಬೇಕು, 150 ಪದ ಮೀರಬಾರದು ಎಂದು ಕರ್ನಾಟಕದ ನಿಯಮ. ಜನ ಅದನ್ನು ಬೈಯುತ್ತಾರೆ, ಬೈಯಬೇಕಾದ್ದೇ. ಆದರೆ ಪತ್ರಿಕೋದ್ಯಮದ ವಿದ್ಯಾರ್ಥಿಗೆ ಅದಕ್ಕಿಂತ ಒಳ್ಳೆಯ ಹೋಮ್‌ವರ್ಕ್ ನನಗೆ ಕಂಡಿಲ್ಲ. ತುರಮುರಿಯ ಕಸದ ಘಟಕಕ್ಕೆ ದಿನಕ್ಕೆ ಎಷ್ಟು ಟನ್ ಹೋಗುತ್ತದೆ, ಎಷ್ಟು ಗೊಬ್ಬರವಾಗುತ್ತದೆ? ಪ್ರಶ್ನೆ ಮುಗಿಯಿತು, ಪದಗಳು ಇನ್ನೂ ಉಳಿದಿವೆ.

ಬೆಳಗಾವಿಯ ಪತ್ರಿಕೆಗಳಿಗೆ, ಕನ್ನಡದವಕ್ಕೂ ಮರಾಠಿಯವಕ್ಕೂ, ಕೇಳುವುದಿಷ್ಟೇ: ವಾರಕ್ಕೊಮ್ಮೆ ಅರ್ಧ ಪುಟ ಬಿಡಿ. ಪ್ರಮಾಣಪತ್ರ ಬೇಡ, ಶಾಲು ಬೇಡ, ವರದಿಗೆ ಸಂಭಾವನೆ ಕೊಡಿ. ಜಾಂಬೋಟಿಗೋ ಕಣಕುಂಬಿಗೋ ಹೋಗಿ ಬರಲು ಹುಡುಗಿಯರಿಗೆ 2023ರ ಜೂನ್‌ನಿಂದ ಸರ್ಕಾರಿ ಬಸ್ಸು ಉಚಿತ. ಹುಡುಗರ ಟಿಕೆಟಿನ ದುಡ್ಡು ನಿಮ್ಮ ಲೆಕ್ಕದಲ್ಲಿರಲಿ.