ಕೊನೆಯ ನೋಟ, ಮೊದಲ ಆಕಳಿಕೆ

ಹೆದರಬೇಕೆಂದೇ ಕೂತಿದ್ದೆ. ಮನೆಯವರೆಲ್ಲ ಮಲಗಿದ್ದರು, ದೀಪ ಆರಿಸಿದ್ದೆ, ಹೊರಗೆ ಮಳೆ ಹಿಡಿದಿತ್ತು. ಮುಕ್ಕಾಲು ಗಂಟೆ ಕಳೆಯುವಷ್ಟರಲ್ಲಿ ಎದ್ದು ಅಡುಗೆಮನೆಗೆ ಹೋಗಿ, ಹಾಲಿಗೆ ಹೆಪ್ಪು ಹಾಕಿದ್ದೇನೋ ಇಲ್ಲವೋ ನೋಡಿಕೊಂಡು ಬಂದೆ. ಹಾಕಿದ್ದೆ. ಸಿನಿಮಾ ನಿಲ್ಲಿಸದೆ ಎದ್ದು ಹೋಗಿದ್ದೆ ಅನ್ನುವುದು ವಾಪಸು ಬಂದು ಕೂತ ಮೇಲೆ ಗೊತ್ತಾಯಿತು. ಏನಾದರೂ ತಪ್ಪಿಹೋಯಿತೇನೋ ಎಂದು ಹಿಂದಕ್ಕೆ ತಿರುಗಿಸಿ ನೋಡುವ ಆಸೆಯೂ ಆಗಲಿಲ್ಲ.

ಚಿತ್ರದ ಹೆಸರು 'ಇಮಾಗೋ ಮಾರ್ಟಿಸ್'. 2009ರದು, ಇಟಲಿಯವರೂ ಸ್ಪೇನಿನವರೂ ಕೂಡಿ ಮಾಡಿದ್ದು, ನಿರ್ದೇಶಕ ಸ್ತೆಫಾನೋ ಬೆಸ್ಸೋನಿ. ಲ್ಯಾಟಿನ್ ಹೆಸರು, 'ಸಾವಿನ ಬಿಂಬ' ಎಂದು ಅರ್ಥ. ಛಾಯಾಗ್ರಹಣ, ಸಿನಿಮಾ ಕಲಿಸುವ ಒಂದು ಹಳೆಯ ಶಾಲೆ, ಅಲ್ಲಿ ಬ್ರೂನೋ ಎಂಬ ಹುಡುಗ, ಅವನಿಗೆ ಕಾಣಿಸಿಕೊಳ್ಳುವ ಪ್ರೇತಗಳು, ಸುತ್ತ ನಡೆಯುವ ಸಾವುಗಳು. ಇವೆಲ್ಲದರ ಬೇರು 17ನೆಯ ಶತಮಾನದ ಜಿರೋಲಾಮೋ ಫುಮಗಾಲ್ಲಿ ಎಂಬ ಕಲ್ಪಿತ ವಿಜ್ಞಾನಿಯಲ್ಲಿದೆ. ಕ್ಯಾಮೆರಾ ಹುಟ್ಟುವುದಕ್ಕೆ ಮುಂಚೆಯೇ ಬಿಂಬವನ್ನು ಹಿಡಿದಿಡುವ ಹುಚ್ಚು ಹತ್ತಿದವನು ಅವನು. ಒಬ್ಬರನ್ನು ಕೊಂದು ತಕ್ಷಣ ಕಣ್ಣುಗುಡ್ಡೆ ಕಿತ್ತರೆ, ಅವರು ಕೊನೆಗೆ ಕಂಡದ್ದನ್ನು ಅಕ್ಷಿಪಟದಿಂದ ಇಳಿಸಿಕೊಳ್ಳಬಹುದು ಎಂದು ಕಂಡುಕೊಳ್ಳುತ್ತಾನೆ. ಆ ವಿದ್ಯೆಗೆ ಇಟ್ಟ ಹೆಸರು ಥನಟೋಗ್ರಫಿ.

ಛಾಯಾಗ್ರಹಣದ ವಿಶೇಷ ಸಂಚಿಕೆಗೆ ಇಂಥದೊಂದು ಸೋತ ಸಿನಿಮಾದಿಂದ ಮುನ್ನುಡಿ ಹಾಡಬೇಕೇ ಎಂದು ನಮ್ಮ ಬಳಗದಲ್ಲೇ ಗೊಣಗಾಟ ಆಯಿತು. ದೊಡ್ಡವರ ಹೆಸರು ಹೇಳಿ ಶುರುಮಾಡುವುದು ವಾಡಿಕೆ, ನಿಜ. ಆದರೆ ಪೂರ್ತಿ ಕೆಟ್ಟ ಚಿತ್ರಗಳನ್ನು ಮರೆತುಬಿಡಬಹುದು. ಇದನ್ನು ಮರೆಯಲು ಆಗುತ್ತಿಲ್ಲ. ಕಣಜದ ತುಂಬ ಭತ್ತ ಇಟ್ಟುಕೊಂಡವರು ಎಲೆಗೆ ಗಂಜಿ ಬಡಿಸಿದರೆ ಬರುವ ಸಿಟ್ಟು ಬಡವರ ಮನೆಯ ಗಂಜಿಯ ಮೇಲೆ ಬರುವುದಿಲ್ಲ.

ಭತ್ತ ಎಂದದ್ದು ಯಾವುದಕ್ಕೆ ಹೇಳುತ್ತೇನೆ.

1876ರಲ್ಲಿ ರೋಮ್ ನಗರದಲ್ಲಿ ಫ್ರಾನ್ಸ್ ಬೋಲ್ ಎಂಬ ಜರ್ಮನ್ ಶರೀರವಿಜ್ಞಾನಿ ಕಪ್ಪೆಗಳ ಕಣ್ಣು ಕೊಯ್ದು ನೋಡುತ್ತಿದ್ದ. ಕತ್ತಲಲ್ಲಿಟ್ಟ ಕಪ್ಪೆಯ ಅಕ್ಷಿಪಟ ಕೆಂಪಗಿತ್ತು. ಬೆಳಕು ಬೀಳುತ್ತಿದ್ದಂತೆ ಆ ಕೆಂಪು ಮಾಸುತ್ತಿತ್ತು. ಜೀವಂತ ಕಪ್ಪೆಯನ್ನು ಮತ್ತೆ ಕತ್ತಲಿಗೆ ಬಿಟ್ಟರೆ ಬಣ್ಣ ಮರಳುತ್ತಿತ್ತು. ಅಂದರೆ ನಮ್ಮ ಕಣ್ಣಿನ ಹಿಂಬದಿಯಲ್ಲಿ ಕ್ಷಣಕ್ಷಣಕ್ಕೂ ಮಾಸಿ ಮತ್ತೆ ಬಣ್ಣ ಬಳಿದುಕೊಳ್ಳುವ ಒಂದು ತೆರೆ ಇದೆ. ಬೋಲ್ 1879ರಲ್ಲಿ, ಮೂವತ್ತನೆಯ ವಯಸ್ಸಿಗೆ, ತೀರಿಕೊಂಡ. ಅಷ್ಟರಲ್ಲಿ ಹೈಡಲ್‌ಬರ್ಗಿನ ವಿಲ್‌ಹೆಲ್ಮ್ ಕ್ಯೂನೆ ಆ ಎಳೆಯನ್ನು ಹಿಡಿದಾಗಿತ್ತು. 'ಎಂಜೈಮ್' ಎಂಬ ಪದವನ್ನು ಲೋಕಕ್ಕೆ ಕೊಟ್ಟವನೂ ಇದೇ ಕ್ಯೂನೆ.

ಕ್ಯೂನೆ ಮಾಡಿದ್ದು ಇಷ್ಟು. ಒಂದು ಬಿಳಿ ಮೊಲದ ತಲೆಗೆ ಬಟ್ಟೆ ಮುಚ್ಚಿ ಕೆಲವು ನಿಮಿಷ ಕತ್ತಲು ಕವಿಸಿದ. ಕಣ್ಣಿನ ಕೆಂಪು ತುಂಬಿಕೊಳ್ಳಲಿ ಎಂದು. ಆಮೇಲೆ ಬಟ್ಟೆ ತೆಗೆದು, ಮೋಡ ಕವಿದ ಆಕಾಶಕ್ಕೆ ತೆರೆದ ಸರಳಿನ ಕಿಟಕಿಯೊಂದನ್ನು ಮೂರು ನಿಮಿಷ ನೋಡಿಸಿದ. ಮೂರು ನಿಮಿಷ ಆದ ಕೂಡಲೆ ತಲೆ ಕತ್ತರಿಸಿ, ಕಣ್ಣು ಸೀಳಿ, ಅಕ್ಷಿಪಟವನ್ನು ಪಟಿಕದ ನೀರಿನಲ್ಲಿ ಇಟ್ಟ. ಗಡ್ಡ ಹೆರೆದ ಮೇಲೆ ಕ್ಷೌರಿಕ ಕೆನ್ನೆಗೆ ಉಜ್ಜುತ್ತಾನಲ್ಲ, ಅದೇ ಪಟಿಕ. ಮರುದಿನ ನೋಡಿದರೆ ಅಕ್ಷಿಪಟದ ಮೇಲೆ ಕಿಟಕಿ ಮೂಡಿತ್ತು. ಸರಳುಗಳನ್ನು ಎಣಿಸಬಹುದಿತ್ತು.

ಈ ಮೊಲವನ್ನು ತಲೆಯಿಂದ ತೆಗೆದುಹಾಕಲು ನನಗೆ ಇನ್ನೂ ಸಾಧ್ಯವಾಗಿಲ್ಲ. ಅಲ್ಲಿ ಪ್ರೇತವಿಲ್ಲ, ಕಿರುಚಾಟವಿಲ್ಲ. ಮೃದುವಾಗಿ ಹಿಡಿದ ಕೈ, ಗಡಿಯಾರ, ಮೋಡದ ಮಂದ ಬೆಳಕು. ಪ್ರಾಣಿಗೆ ತಾನು ಯಾಕೆ ಕಿಟಕಿ ನೋಡುತ್ತಿದ್ದೇನೆ ಎಂದು ಗೊತ್ತಿಲ್ಲ, ಹಿಡಿದವನಿಗೆ ಗೊತ್ತಿದೆ.

ಮುಂದೆ ಕ್ಯೂನೆಗೆ ಮನುಷ್ಯನ ಕಣ್ಣೂ ಸಿಕ್ಕಿತು. 1880ರ ನವೆಂಬರ್ 16ರಂದು ಬ್ರೂಕ್ಸಾಲ್ ಪಟ್ಟಣದಲ್ಲಿ ತನ್ನದೇ ಮಕ್ಕಳನ್ನು ಕೊಂದ ಒಬ್ಬನಿಗೆ ಗಿಲೋಟಿನ್ ಶಿಕ್ಷೆಯಾಯಿತು. ಹತ್ತು ನಿಮಿಷದೊಳಗೆ ಕಣ್ಣು ಕ್ಯೂನೆಯ ಕೈಯಲ್ಲಿತ್ತು. ಕೆಂಪು ಹಳದಿ ಗಾಜಿನ ಮಂದ ಬೆಳಕಿನಲ್ಲಿ ಕೊಯ್ದು ನೋಡಿದ. ಏನೋ ಒಂದು ಆಕಾರ ಇತ್ತು, ಮೆಟ್ಟಿಲು ಮೆಟ್ಟಿಲಾಗಿ. ಅದು ಮಾಯವಾಗುವುದರೊಳಗೆ ಕೈಯಲ್ಲೇ ಚಿತ್ರ ಬರೆದುಕೊಂಡ. ಗಿಲೋಟಿನ್ನಿನ ಅಲಗು ಇರಬಹುದೆಂದು ಕೆಲವರು ಊಹಿಸಿದ್ದುಂಟು. ಆದರೆ ಶಿಕ್ಷೆಗೆ ನಿಂತವನ ಕಣ್ಣಿಗೆ ಬಟ್ಟೆ ಕಟ್ಟಿದ್ದರು. ಅದು ಏನೆಂದು ಇವತ್ತಿಗೂ ಯಾರಿಗೂ ತಿಳಿಯದು.

ಹೀಗಿದ್ದ ಮೇಲೆ ಕಥೆಗಾರರು ಸುಮ್ಮನಿರುವರೇ? 1888ರಲ್ಲಿ ಲಂಡನ್ನಿನ ಓಣಿಗಳಲ್ಲಿ ಹೆಂಗಸರ ಕೊಲೆಗಳಾದಾಗ, ಸತ್ತವಳ ಕಣ್ಣಿನ ಫೋಟೋ ತೆಗೆಯಿರಿ, ಕೊಲೆಗಾರ ಅಲ್ಲೇ ಇರುತ್ತಾನೆ ಎಂದು ಪೊಲೀಸರಿಗೆ ಸಲಹೆ ಹೋಯಿತು. ಕಿಪ್ಲಿಂಗ್ 1890ರಲ್ಲಿ ಬರೆದ ಒಂದು ಕಥೆಯಲ್ಲಿ, ಹಿಂದೂಸ್ತಾನದ ಸುಡುಬೇಸಿಗೆಯಲ್ಲಿ ಬೆಚ್ಚಿ ಸತ್ತ ಬಿಳಿಯನೊಬ್ಬನ ಕಣ್ಣುಗಳನ್ನು ಡಾಕ್ಟರು ಕೊಡಾಕ್ ಕ್ಯಾಮೆರಾದಲ್ಲಿ ಹಿಡಿಯುತ್ತಾನೆ. ಆಮೇಲೆ ಫಿಲಂ ಹರಿದುಹಾಕಿ, ಅದರಲ್ಲಿ ಏನೂ ಇರಲಿಲ್ಲ ಎನ್ನುತ್ತಾನೆ. ಮುಖ ಮಾತ್ರ ಬಿಳಿಚಿಕೊಂಡಿರುತ್ತದೆ. 1902ರಲ್ಲಿ ಜೂಲ್ಸ್ ವೆರ್ನ್ ಇದೇ ಎಳೆಯಿಂದ ಒಂದು ಕಾದಂಬರಿಯ ಗಂಟು ಬಿಚ್ಚಿದ.

ನಮ್ಮ ಕಡೆಯವರಿಗೆ ಇದೇನೂ ಹೊಸತಲ್ಲ. ನಾಗರಹಾವು ಹೊಡೆದರೆ ತಲೆ ಜಜ್ಜಿ ಸುಟ್ಟುಬಿಡಬೇಕು, ಇಲ್ಲವಾದರೆ ಅದರ ಕಣ್ಣಲ್ಲಿ ಹೊಡೆದವನ ಮುಖ ಉಳಿದು ಜೋಡಿಹಾವು ಹುಡುಕಿಕೊಂಡು ಬರುತ್ತದೆ ಎಂದು ಹೇಳದ ಅಜ್ಜಿಯರು ಯಾವ ಊರಲ್ಲಿದ್ದರು? 1976ರ ಹಿಂದಿ 'ನಾಗಿನ್' ನಿಂತದ್ದೇ ಈ ನಂಬಿಕೆಯ ಮೇಲೆ. ಹೈಡಲ್‌ಬರ್ಗಿಗೂ ನಮ್ಮ ಹಿತ್ತಲಿಗೂ ಗೊತ್ತಿಲ್ಲದೆಯೇ ನೆಂಟಸ್ತನ.

ಈಗ ಸಿನಿಮಾಕ್ಕೆ ಬರುತ್ತೇನೆ. ನಿರ್ಮಾಪಕರಲ್ಲಿ ಇಟಲಿಯವರೂ ಇದ್ದಾರೆ. ಬೋಲ್ ಕಪ್ಪೆಯ ಕಣ್ಣಿನ ಕೆಂಪು ಕಂಡದ್ದು ಅವರ ರಾಜಧಾನಿಯಲ್ಲೇ. ಮೂವತ್ತಕ್ಕೆ ಸತ್ತ ಆ ತರುಣನನ್ನು ಬಿಟ್ಟು, ಹಳೆಯ ಕೋಟಿನ ಕಲ್ಪಿತ ರಾಕ್ಷಸನೊಬ್ಬನನ್ನು ಇನ್ನೂರು ವರ್ಷ ಹಿಂದಿನಿಂದ ಎಳೆದು ತಂದಿದ್ದಾರೆ. ಬೆಣ್ಣೆ ಕೈಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದಂತೆ. ಬೆಸ್ಸೋನಿ ಒಳ್ಳೆಯ ಚಿತ್ರಕಾರ ಕೂಡ. ಆ ಕೈ ಕಾಣುತ್ತದೆ. ಕೋಣೆಗಳು, ಸಾಮಾನುಗಳು, ಹಳೆಯ ಯಂತ್ರಗಳು ಕಣ್ಣಿಗೆ ಹಿಡಿಸುವಂತಿವೆ. ಒಂದೊಂದು ಚೌಕಟ್ಟನ್ನೂ ಬಿಡಿಸಿ ಗೋಡೆಗೆ ಹಾಕಬಹುದು. ಸಾಲಾಗಿ ಓಡಿಸಿದಾಗ ಮಾತ್ರ ಜೀವ ಬರುವುದಿಲ್ಲ. ಎಲ್ಲವೂ ಕೆಸರುನೀರಿನ ಬಣ್ಣ, ಯಾವಾಗ ಹಗಲು ಯಾವಾಗ ಇರುಳು ತಿಳಿಯದು. ಹೆದರಿಸುವ ಭಾರವನ್ನೆಲ್ಲ ಧ್ವನಿಯವರ ಹೆಗಲಿಗೆ ಹಾಕಿದ್ದಾರೆ. ಮೂರನೆಯ ಸಲ ಸಂಗೀತ ಧಡ್ ಎಂದಾಗ ನಾನು ಬೆಚ್ಚಿದ್ದು ಮಲಗಿದವರು ಎದ್ದಾರೆಂಬ ಭಯಕ್ಕೆ.

ಇದಕ್ಕಿಂತ ದೊಡ್ಡ ನಿರಾಸೆ ಆ ವಿದ್ಯಾರ್ಥಿಗಳದು. ಫೋಟೋ ಕಲಿಯುವವರ ಜೊತೆ ಒಂದು ವಾರ ಇದ್ದವರಿಗೆ ಗೊತ್ತು, ಅವರು ಊಟದ ತಟ್ಟೆಯ ಮೇಲೆ ಬಿದ್ದ ಬಿಸಿಲಿಗೂ ಜಗಳ ಆಡುತ್ತಾರೆ. ಇಲ್ಲಿನ ಹುಡುಗರಲ್ಲಿ ಆ ಹುಚ್ಚು ನನಗೆ ಕಾಣಲಿಲ್ಲ. ಅದೇ ಕಥೆಯನ್ನು ಹೋಟೆಲ್ ಮ್ಯಾನೇಜ್‌ಮೆಂಟ್ ಕಾಲೇಜಿಗೆ ಒಯ್ದರೂ ನಡೆಯುತ್ತಿತ್ತು.

ಹೋಗಲಿ, ಕಥೆಯ ಒಳಗೇ ಇರುವ ಒಂದು ಪ್ರಶ್ನೆ ನೋಡಿ. ಸಾಯುವ ಕಣ್ಣು ಕೊನೆಗೆ ಏನನ್ನು ನೋಡಬೇಕೆಂದು ತೀರ್ಮಾನಿಸುವವರು ಯಾರು? ಮೊಲಕ್ಕೆ ಕಿಟಕಿಯನ್ನು ಆರಿಸಿದ್ದು ಕ್ಯೂನೆ. ಫುಮಗಾಲ್ಲಿಯ ಎದುರು ಕಟ್ಟಿಹಾಕಿದವನು ಏನನ್ನು ನೋಡಿಯಾನು? ಚೂರಿಯನ್ನು, ಚೂರಿ ಹಿಡಿದವನ ಮುಖವನ್ನು. ಹಾಗಾದರೆ ಆ ವಿದ್ಯೆಯಿಂದ ಬರುವ ಚಿತ್ರಗಳೆಲ್ಲ ಕೊಲೆಗಾರನ ಭಾವಚಿತ್ರಗಳೇ. ತನ್ನ ಮುಖ ನೋಡಿಕೊಳ್ಳಲು ಇನ್ನೊಬ್ಬರ ಕಣ್ಣು ಬೇಕಾದವನ ಕಥೆ ಅದು. ಬೆಸ್ಸೋನಿಗೆ ಇದು ಹೊಳೆದಿದ್ದರೂ ಅದರ ಮೇಲೆ ಎರಡು ನಿಮಿಷ ನಿಲ್ಲುವ ತಾಳ್ಮೆ ಚಿತ್ರಕ್ಕಿಲ್ಲ. ಅಷ್ಟರಲ್ಲಿ ಇನ್ನೊಂದು ಪ್ರೇತ ಬಾಗಿಲಲ್ಲಿ ನಿಂತಿರುತ್ತದೆ.

ದುಡ್ಡು ಸಾಲಲಿಲ್ಲ ಎನ್ನುವ ಮಾತು ಬೇಡ. ಇದೇ ನಂಬಿಕೆಯನ್ನು ದಾರಿಯೋ ಅರ್ಜೆಂತೋ 1971ರಲ್ಲೇ ತನ್ನ ನಾಲ್ಕು ನೊಣಗಳ ಚಿತ್ರದಲ್ಲಿ ತಂದಿದ್ದ. (ನೋಡುವ ಮನಸ್ಸಿದ್ದವರು ಮುಂದಿನೆರಡು ವಾಕ್ಯ ಹಾರಿಸಿ.) ಸತ್ತವಳ ಅಕ್ಷಿಪಟದಲ್ಲಿ ನಾಲ್ಕು ನೊಣಗಳ ಸಾಲು ಕಾಣುತ್ತದೆ, ಯಾರಿಗೂ ತಲೆಬುಡ ತಿಳಿಯುವುದಿಲ್ಲ. ಕೊನೆಗೆ ನೋಡಿದರೆ ಅದು ಕತ್ತಿನಲ್ಲಿ ತೂಗಾಡುತ್ತಿದ್ದ ಒಂದೇ ನೊಣದ ಪದಕ. ವಿಜ್ಞಾನದ ದೃಷ್ಟಿಯಿಂದ ಶುದ್ಧ ಕಾಗಕ್ಕ ಗುಬ್ಬಕ್ಕನ ಕಥೆ, ಆದರೆ ಬಿಂಬ ಸಿಕ್ಕಿದರೂ ಅರ್ಥ ಸಿಗದಿರುವ ಕಷ್ಟ ಅಲ್ಲಿದೆ. ಬ್ರೂಕ್ಸಾಲಿನ ಕ್ಯೂನೆಗೆ ಆದದ್ದೂ ಅದೇ. ಮಾರನೆಯ ವರ್ಷದ 'ಹಾರರ್ ಎಕ್ಸ್‌ಪ್ರೆಸ್' ಅಗ್ಗದ ಸರಕು; ಸೈಬೀರಿಯಾದ ರೈಲಿನಲ್ಲಿ ಕ್ರಿಸ್ಟೋಫರ್ ಲೀ, ಪೀಟರ್ ಕುಶಿಂಗ್ ಇಬ್ಬರೂ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಆದಿಕಾಲದ ಪ್ರಾಣಿಗಳನ್ನು ಕಾಣುತ್ತಾರೆ. ನಕ್ಕು ಸಾಕಾಯಿತು, ಎದ್ದು ಹೋಗಲಿಲ್ಲ.

ವಿದ್ಯಾರ್ಥಿಗಳ ಕಥೆಯೇ ಬೇಕೆಂದರೆ ಸ್ಪೇನಿನ 'ತೆಸಿಸ್' ಇದೆ, 1996ರದು. ಅಲೆಹಾಂದ್ರೋ ಅಮೆನಾಬಾರ್ ಇಪ್ಪತ್ತರ ಹರೆಯದಲ್ಲಿ, ತಾನು ಕಲಿತ ಮ್ಯಾಡ್ರಿಡ್ಡಿನ ಕಾಲೇಜಿನಲ್ಲೇ ಕಥೆಯನ್ನು ಇಟ್ಟು ಮಾಡಿದ ಚಿತ್ರ. ಏಳು ಗೋಯಾ ಪ್ರಶಸ್ತಿ ಬಂದವು. ಮೊದಲ ದೃಶ್ಯ ಸಾಕು. ಸುರಂಗ ರೈಲು ನಿಂತಿದೆ, ಹಳಿಗೆ ಬಿದ್ದು ಯಾರೋ ಸತ್ತಿದ್ದಾರೆ. ನೋಡಬೇಡಿ, ಮುಂದೆ ಹೋಗಿ ಎಂದು ಜನರನ್ನು ಸಾಗಿಸುತ್ತಿದ್ದಾರೆ. ಆಂಹೆಲಾ ಎಂಬ ವಿದ್ಯಾರ್ಥಿನಿ ಸಾಲಿನಿಂದ ಹೊರಬಂದು ಹಳಿಯತ್ತ ಕತ್ತು ಚಾಚುತ್ತಾಳೆ. ನಾವೂ ಕೂತಲ್ಲೇ ಚಾಚುತ್ತೇವೆ. ಹೆಣ ಕಾಣಿಸುವುದಿಲ್ಲ. ನಾವು ಎಂಥವರೆಂದು ಆ ಹೊತ್ತಿಗೆ ನಮಗೆ ಗೊತ್ತಾಗಿರುತ್ತದೆ.

'ಇಮಾಗೋ ಮಾರ್ಟಿಸ್'ನಲ್ಲಿ ಕಲಾವಿದರ ಬರವೂ ಇರಲಿಲ್ಲ. ಚಾರ್ಲಿ ಚಾಪ್ಲಿನ್ನರ ಮಗಳು ಜೆರಾಲ್ಡಿನ್, ಆಕೆಯ ಮಗಳು ಊನಾ, ತಾಯಿ ಮಗಳಿಬ್ಬರೂ ಇದ್ದಾರೆ. ಇದೇ ಜೆರಾಲ್ಡಿನ್ 2007ರ 'ದಿ ಆರ್ಫನೇಜ್'ನಲ್ಲಿ ಪ್ರೇತದ ಜೊತೆ ಮಾತಾಡುವ ಮುದುಕಿಯಾಗಿ ಸ್ವಲ್ಪ ಹೊತ್ತು ಬಂದು, ಕತ್ತಲ ಕೋಣೆಗಳಲ್ಲಿ ನಡೆದಾಡಿ ಬೆನ್ನಿಗೆ ತಣ್ಣೀರು ಸುರಿದು ಹೋದವರು. ಇಲ್ಲಿ ಅವರಿಗೆ ಒಳ್ಳೆಯ ಉಡುಪು ಕೊಟ್ಟಿದ್ದಾರೆ.

ವಿಷಯ ಬಂತೆಂದು ಹೇಳುತ್ತೇನೆ. ಚಿತ್ರದ ಆ ಶಾಲೆಗೆ ಇಟ್ಟಿರುವುದು 'ನೊಸ್ಫೆರಾಟು' ಮಾಡಿದ ಎಫ್. ಡಬ್ಲ್ಯೂ. ಮುರ್ನೌ ಹೆಸರು. 2015ರಲ್ಲಿ ಬರ್ಲಿನ್ನಿನ ಹತ್ತಿರದ ಮಸಣದಲ್ಲಿ ಮುರ್ನೌ ಸಮಾಧಿ ಒಡೆದು ಯಾರೋ ತಲೆಬುರುಡೆ ಕದ್ದರು. ಅದಕ್ಕೂ ಬಹಳ ಹಿಂದೆ, 1978ರ ಮಾರ್ಚಿನಲ್ಲಿ, ಜೆರಾಲ್ಡಿನ್ ಅವರ ತಂದೆಯ ಶವಪೆಟ್ಟಿಗೆಯನ್ನೇ ಸ್ವಿಟ್ಜರ್ಲೆಂಡಿನ ಮಸಣದಿಂದ ಹೊತ್ತೊಯ್ದು ಹಣ ಕೇಳಿದ್ದರು. ಹನ್ನೊಂದು ವಾರದ ಮೇಲೆ ಅದು ಹೊಲವೊಂದರಲ್ಲಿ ಸಿಕ್ಕಿತು. ಚಿತ್ರತಂಡ ಊಟದ ಬಿಡುವಿನಲ್ಲಿ ಕೂತು ಮನೆಮಾತು ಆಡಿಕೊಂಡಿದ್ದರೂ ಚಿತ್ರಕಥೆಗಿಂತ ಒಳ್ಳೆಯ ಕಥೆ ಹುಟ್ಟುತ್ತಿತ್ತು.

ನಾನು ಹುಡುಗನಾಗಿದ್ದಾಗ ರಜೆಯಲ್ಲಿ ಒಂದು ಸ್ಟುಡಿಯೋದ ಡಾರ್ಕ್ ರೂಮಿನಲ್ಲಿ ಕೈಯಾಳಾಗಿದ್ದೆ. ಸಣ್ಣ ಕೆಂಪು ಬಲ್ಬು, ಹೈಪೋ ವಾಸನೆ, ಸೆಕೆ. ಹೆಚ್ಚಾಗಿ ಬರುತ್ತಿದ್ದದ್ದು ತೀರಿಕೊಂಡವರ ಫೋಟೋ ದೊಡ್ಡದು ಮಾಡಿಸುವವರು. ಮದುವೆಯ ಗುಂಪು ಫೋಟೋದ ಮೂಲೆಯಲ್ಲಿ ನಿಂತ ಒಂದು ಮುಖವನ್ನು ಬಿಡಿಸಿಕೊಂಡು ಪ್ರಿಂಟ್ ಹಾಕಬೇಕು. ಹದಿಮೂರನೆಯ ದಿನಕ್ಕೆ ಹಾರ ಬೀಳಬೇಕು. ಬಿಳಿ ಕಾಗದವನ್ನು ಡೆವಲಪರಿನ ಟ್ರೇಗೆ ಇಳಿಸಿ ಅಲ್ಲಾಡಿಸುತ್ತಿದ್ದರೆ ಮೊದಲು ಬರುವುದು ಕಪ್ಪು: ಹುಬ್ಬು, ಮೀಸೆ, ಕಣ್ಣಿನ ಪಾಪೆ. ಕೆನ್ನೆ, ಹಣೆ ಆಮೇಲೆ. ಮುಖ ಇನ್ನೂ ಬಂದಿರುವುದಿಲ್ಲ, ಕಣ್ಣು ಬಂದು ನನ್ನನ್ನೇ ನೋಡುತ್ತಿರುತ್ತದೆ. ಯಜಮಾನರು ಪರದೆಯ ಆಚೆಯಿಂದ, "ಕಣ್ಣು ಬಂತೇನೋ?" ಎನ್ನುವರು. "ಬಂತು ಸಾರ್" ಎನ್ನಲು ನನಗೆ ಉಗುಳು ನುಂಗಬೇಕಾಗುತ್ತಿತ್ತು.

ಆ ಸ್ಟುಡಿಯೋದಲ್ಲಿ ನನಗಾಗುತ್ತಿದ್ದ ಭಯದ ಕಾಲು ಭಾಗವೂ ಈ ಚಿತ್ರದಲ್ಲಿಲ್ಲ. ನೋಡಬೇಡಿ ಎಂದು ನಾನು ಹೇಳುವುದಿಲ್ಲ; ಕಲಾ ನಿರ್ದೇಶನ ಕಲಿಯುವವರು ಧ್ವನಿ ಮುಚ್ಚಿ ನೋಡಲಿ.

ಓದುಗರಲ್ಲಿ ಒಂದು ಕೋರಿಕೆ. ಮೆಚ್ಚಿದ ಕೃತಿಗಳ ಬಗ್ಗೆ ನಮಗೆ ಲೇಖನಗಳ ಕೊರತೆಯಿಲ್ಲ. ಮುಂದಿನ ಸಂಚಿಕೆಗೆ, ವಸ್ತು ಚೆನ್ನಾಗಿದ್ದೂ ಕೈಕೊಟ್ಟ ಒಂದು ಸಿನಿಮಾ, ನಾಟಕ ಅಥವಾ ಕಾದಂಬರಿಯ ಬಗ್ಗೆ ಬರೆದು ಕಳಿಸಿ. ಎಂಟುನೂರು ಪದ ಮೀರದಿರಲಿ. ಕಥೆ ಪೂರ್ತಿ ಹೇಳುವುದು ಬೇಡ. ಎಷ್ಟನೆಯ ನಿಮಿಷಕ್ಕೆ, ಇಲ್ಲವೇ ಎಷ್ಟನೆಯ ಪುಟಕ್ಕೆ ಎದ್ದು ಹೋದಿರಿ ಎಂಬುದನ್ನು ಮಾತ್ರ ಮರೆಯದೆ ತಿಳಿಸಿ.